ಕಿಸೆಯಲ್ಲಿ ಹುಂಜದ ಪುಕ್ಕ

ಕೊಟ್ರಬಸಪ್ಪನ ಅಂಗಿ ಒಗೆಯುವಾಗ ಕಿಸೆಯಲ್ಲಿ ಹುಂಜದ ಪುಕ್ಕ ಸಿಕ್ಕಿತು. ವಿರೂಪಾಕ್ಷಮ್ಮ ಅವತ್ತೇ ಗಂಡನ ತಾಟನ್ನು ಅಡುಗೆಮನೆಯಿಂದ ಪಡಸಾಲೆಗೆ ತಂದು ಕುಕ್ಕಿದಳು. ಕೊರಳಲ್ಲಿ ಲಿಂಗ, ಕಿಸೆಯಲ್ಲಿ ಕೋಳಿ! ನೌಕರಿಯಿಂದ ನಿವೃತ್ತನಾದ ಗಂಡ ಭಾನುವಾರ ಬಂದರೆ ಸಾಕು, ಕೊಪ್ಪಳದಿಂದ ಬಸ್ಸು ಹತ್ತಿ ತುಂಗಭದ್ರೆಯ ನಡುವಿನ ವಿರೂಪಾಪುರಗಡ್ಡೆಗೆ ಓಡುವುದು ಯಾಕೆಂದು ಅವಳಿಗೆ ಈಗ ತಿಳಿಯಿತು.

"ನಾ ಕೋಳಿ ತಿಂದಿಲ್ಲ! ಗಾಳಕ್ಕ ಕಟ್ಟಾಕ ತಂದೀನಿ. ಸ್ಪೇ ಹುಳ ಅಂತಾರ, ಮೀನಿಗೆ ತೋರ್ಸೋ ಸುಳ್ಳು ಹುಳ; ಸ್ಪೇ ಅನ್ನೋ ವಿಲಾಯತಿ ಹೊಳಿಯ ವಿದ್ಯಾ ಅದು."

"ಹಂಗಾರ ಮೀನಾನೂ ಸುರು ಮಾಡೀರಿ?"

ನಿಜ ಹೇಳಿ ಇಷ್ಟು ಕೆಟ್ಟವನು ಕೊಪ್ಪಳದಲ್ಲಿ ಇನ್ನೊಬ್ಬನಿರಲಿಕ್ಕಿಲ್ಲ. ಮೀನು ಕಂಡರೆ ಮೂಗು ಮುಚ್ಚಿಕೊಳ್ಳುವ ಆಸಾಮಿ ಅವನು. ಗಡ್ಡೆಯಲ್ಲಿ ಹರಿಗೋಲು ಹಾಕುತ್ತಿದ್ದ ಹುಸೇನಬಾಷಾ ಹಿಂದೊಮ್ಮೆ ಸ್ಕಾಟ್ಲೆಂಡಿನ ಪ್ರವಾಸಿಯೊಬ್ಬನಿಂದ ಈ ಕೆಲಸ ಕಲಿತಿದ್ದ. ಬರಿಯ ಗಾಳಕ್ಕೆ ಬೆಳ್ಳಿ ಜರಿ ಸುತ್ತಿ, ಉದ್ದನೆಯ ಪುಕ್ಕ ಬಿಗಿದರೆ ನೀರಿನಲ್ಲಿ ಜೀವಂತ ಹುಳದಂತೆ ಅಲುಗುತ್ತದೆ. ಅದನ್ನು ನೋಡಿದ ದಿನವೇ ಕೊಟ್ರಬಸಪ್ಪನಿಗೆ ಹುಚ್ಚು ಹಿಡಿಯಿತು. ಹುಚ್ಚೇನೋ ಹಿಡಿಯಿತು, ಕೈ ಮಾತ್ರ ಹಿಡಿಯಲಿಲ್ಲ. ಅವನು ಕಟ್ಟಿದ ಪುಕ್ಕ ದಿಕ್ಕಿಗೊಂದರಂತೆ ಕೆದರಿ ನಿಲ್ಲುತ್ತಿತ್ತು.

"ಸಾಹೇಬ್ರ, ಇದು ಹುಳ ಅಲ್ರಿ, ಕಸಬರಗಿ. ಮೀನ ನಕ್ಕೊಂತ ಹೋಗ್ತಾವ," ಎನ್ನುತ್ತಿದ್ದ ಹುಸೇನಬಾಷಾ.

ಮೀನು ನಕ್ಕರೆ ನಗಲಿ. ಕೊಟ್ರಬಸಪ್ಪನ ಸಂಕಟವೇ ಬೇರೆ. ಮದುವೆಯಾದಾಗಿನಿಂದ ಅವನು ಒಲೆಯ ಪಕ್ಕ ಕೂತು, ಹೆಂಡತಿಯ ಬೈಗುಳ ಕೇಳುತ್ತ, ಹಂಚಿನಿಂದ ಇಳಿದ ರೊಟ್ಟಿಯನ್ನು ಬಿಸಿಬಿಸಿಯಾಗಿ ಉಂಡವನು. ಪಡಸಾಲೆಯಲ್ಲಿ ತಣ್ಣಗಿನ ರೊಟ್ಟಿ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಬೈಗುಳವೂ ಇಲ್ಲದ ಊಟ ಯಾರಿಗೆ ಬೇಕು?

ಕೊನೆಗೆ ತನ್ನ ಮಾತು ಸುಳ್ಳಲ್ಲವೆಂದು ತೋರಿಸಲು ಗಾಳ, ದಾರ, ಪುಕ್ಕ ಎಲ್ಲವನ್ನೂ ಪಡಸಾಲೆಯಲ್ಲೇ ಹರವಿಕೊಂಡು ಕೂತ. ಹೊಸ್ತಿಲ ಬಳಿ ಮಲ್ಲಿಗೆ ಕಟ್ಟುತ್ತಿದ್ದ ವಿರೂಪಾಕ್ಷಮ್ಮ ಅವನತ್ತ ನೋಡಬಾರದೆಂದೇ ಇದ್ದಳು. ಆದರೆ ದಾರ ಮತ್ತೆ ಮತ್ತೆ ಜಾರುವುದನ್ನು ಹೂ ಕಟ್ಟುವ ಕೈ ಎಷ್ಟು ಹೊತ್ತು ಸಹಿಸೀತು?

"ಥೂ, ಅದೇನು ಕೈಯೋ, ಕಾಲೋ? ದಾರ ಸಡ್ಲ ಬಿಟ್ರ ಮಲ್ಲಿಗಿನೂ ನಿಲ್ಲಂಗಿಲ್ಲ. ತರ್ರಿ ಇಲ್ಲಿ!"

"ಮುಟ್ಟಬ್ಯಾಡ, ಮೈಲಿಗಿ ಆಗ್ತೈತಿ."

"ಆಮ್ಯಾಲ ಜಳಕಾ ಮಾಡ್ತೀನಿ, ಸುಮ್ಕ ಕುಂದರ್ರಿ."

ಹೂವಿನ ಗಂಟನ್ನೇ ಹಾಕಿ ಎಳೆದಳು. ಪುಕ್ಕ ಸೊಗಸಾಗಿ ಹಿಂದಕ್ಕೆ ಬಾಗಿ ಕೂತಿತು. ಅದನ್ನು ತಿರುಗಿಸಿ ತಿರುಗಿಸಿ ನೋಡಿದಳು. ಕೋಳಿಯ ಸಿಟ್ಟು ಎಲ್ಲಿ ಹೋಯಿತೋ!

"ಕೆಂಪು ಪುಕ್ಕ ಇಲ್ಲೇನ್ರಿ? ಬೆಳ್ಳಿ ಜರಿಗೆ ಕೆಂಪು ಒಪ್ಪತೈತಿ."

ಸಂಜೆಯವರೆಗೆ ಅವಳು ಕಟ್ಟಿದಳು, ಅವನು ಕೆಂಪು ಪುಕ್ಕ ಆರಿಸಿ ಕೊಟ್ಟ. ಆಮೇಲೆ ಮೈಮೇಲೆ ನೀರು ಹಾಕಿಕೊಂಡು ಸೀರೆ ಬದಲಿಸಿ ಒಲೆ ಹಚ್ಚಿದಳು. ತುರುಬನ್ನು ಮಾತ್ರ ಬಿಚ್ಚಿರಲಿಲ್ಲ.

"ಒಳಗ ಬರ್ರಿ. ಅಲ್ಲೇ ಕುಂತ್ರ ರೊಟ್ಟಿ ಆರತಾವ."

ಕೊಟ್ರಬಸಪ್ಪನ ಕಣ್ಣು ತುಂಬಿ ಬಂತು. ಹೊಗೆಗೆ ಎಂದುಕೊಂಡ. ಅವಳು ಬಗ್ಗಿ ತಾಟಿಗೆ ರೊಟ್ಟಿ ಹಾಕಿ ಒಲೆಯ ಕಡೆ ತಿರುಗಿದಳು. ತುರುಬಿನಿಂದ ಜಾರಿದ ಕೆಂಪು ಪುಕ್ಕವೊಂದು ರೊಟ್ಟಿಯ ನಟ್ಟನಡುವೆ ಬಂದು ಕೂತಿತ್ತು.

ಹೇಳಿದರೆ ಹಂಚು ಅಂಗಳಕ್ಕೆ, ತಾನು ಪಡಸಾಲೆಗೆ. ಮೆಲ್ಲಗೆ ಎತ್ತಿ ಕಿಸೆಗೆ ಇಳಿಸಿದ.

"ಯಾಕ್ರಿ, ಉಣ್ಣವಲ್ರಿ?"

"ಉಣ್ತೀನಿ. ಭಾಳ ಛಲೋ ಆಗೈತಿ, ಇನ್ನೊಂದು ಹಾಕು," ಎಂದು ರೊಟ್ಟಿ ಮುರಿದ.

ಇನ್ನು ಮುಂದೆ ತನ್ನ ಅಂಗಿ ತಾನೇ ಒಗೆದುಕೊಳ್ಳಬೇಕು ಎಂದು ಅಲ್ಲೇ ತೀರ್ಮಾನಿಸಿದ.