ಮುಟ್ಟದೆ ಕೂರುವ ತೊಂಬತ್ತು ನಿಮಿಷ

ಕೂಸಿನ ಎಡಗಾಲಿನ ಕಾಲುಚೀಲ ಜಾರಿದೆ, ಹಿಮ್ಮಡಿ ದಾಟಿ ಬೆರಳುಗಳ ತುದಿಗೆ ಬಂದು ನೇತಾಡುತ್ತಿದೆ, ಮುಟ್ಟಬಾರದು, ಮುಟ್ಟಿದರೆ ಮೊದಲಿನಿಂದ ಎಂದಿದ್ದಾರೆ ನರ್ಸಕ್ಕ, ಮತ್ತೆ ಸೊನ್ನೆ, ಮತ್ತೆ ತೊಂಬತ್ತು ನಿಮಿಷ, ಅದಕ್ಕೇ ಎರಡೂ ಕೈಗಳನ್ನು ತೊಡೆಯಡಿ ಒತ್ತಿಕೊಂಡು ಕೂತಿದ್ದೇನೆ, ತರಗತಿಯಲ್ಲಿ ಶಿಕ್ಷೆಗೆ ಕೂರಿಸಿದವಳ ಹಾಗೆ, ಬೆರಳುದ್ದವೂ ಇಲ್ಲದ ಒಂದು ಕಾಲುಚೀಲ, ಮೇಲೆಳೆದರೆ ಯಾವ ಲೋಕ ಮುಳುಗೀತು — ಮೊನ್ನೆ ಮುಳುಗಿತಲ್ಲ. ಬಲಗಾಲಿಗೆ ವೈರು ಸುತ್ತಿದ್ದಾರೆ, ಅದರ ಕೆಂಪು ದೀಪ ಅಂಗಾಲಿನ ಒಳಗಿನಿಂದ ಹೊಳೆಯುತ್ತಿದೆ, ಚಿಕ್ಕವಳಿದ್ದಾಗ ಟಾರ್ಚಿನ ಮೇಲೆ ಅಂಗೈ ಮುಚ್ಚಿ ನೋಡುತ್ತಿದ್ದ ಬೆಳಕಿನ ಬಣ್ಣ, ಪರದೆಯ ಮೇಲೆ ತೊಂಬತ್ತಾರು, ತೊಂಬತ್ತೈದು, ತೊಂಬತ್ತಾರು, ನನ್ನ ಮಗನ ರಕ್ತದಲ್ಲಿ ಉಸಿರೆಷ್ಟಿದೆ ಎಂಬ ಲೆಕ್ಕ. ಏಳು ವಾರ ಮೊದಲೇ ಬಂದವನು, ಇವತ್ತಿಗೆ ಮೂವತ್ತನಾಲ್ಕು ದಿನ, ತೂಕ ಎರಡು ಕಿಲೋ ಇನ್ನೂರು ಗ್ರಾಂ, ಹಾಲು ಕುಡಿಯುವ ಪರೀಕ್ಷೆ ಪಾಸು, ಮೈ ಬಿಸಿ ಇಟ್ಟುಕೊಳ್ಳುವ ಪರೀಕ್ಷೆ ಪಾಸು, ಉಳಿದಿರುವುದು ಇದೊಂದೇ, ಕಾರಿನಲ್ಲಿ ಕೂರುವ ಸೀಟಿನಲ್ಲಿ, ವಾರ್ಡಿನ ಮೇಜಿನ ಮೇಲೆ, ತೊಂಬತ್ತು ನಿಮಿಷ ಕೂರಬೇಕು, ಸಂಖ್ಯೆ ತೊಂಬತ್ತಕ್ಕಿಂತ ಕೆಳಗಿಳಿದು ಹತ್ತು ಸೆಕೆಂಡು ಅಲ್ಲೇ ನಿಲ್ಲಬಾರದು, ನಿಲ್ಲದಿದ್ದರೆ ಸಂಜೆಯೊಳಗೆ ಮನೆ, ನಿಂತರೆ ಇನ್ನೆಷ್ಟು ದಿನವೋ. ಯಜಮಾನ್ರು ಕೂತ್ರಾ, ಗಾಡಿ ಬಿಡೋಣ್ವಾ, ಎಂದು ಕೇಳಿ ಗಡಿಯಾರ ಒತ್ತಿ ಹೋದರು ನರ್ಸಕ್ಕ, ಈ ವಾರ್ಡಿನ ಎಲ್ಲ ಗಂಡುಕೂಸುಗಳೂ ಅವರಿಗೆ ಯಜಮಾನ್ರೇ, ಹೆಣ್ಣುಕೂಸುಗಳೆಲ್ಲ ಮೇಡಂ. ಇಪ್ಪತ್ತೆರಡು ನಿಮಿಷ ಆಗಿದೆ.

ಪಕ್ಕದ ಕುರ್ಚಿಯಲ್ಲಿ ಇವರು ನಿದ್ದೆ ಹೋಗಿದ್ದಾರೆ, ಬಾಯಿ ಅರ್ಧ ತೆರೆದು, ಇಪ್ಪತ್ತು ವರ್ಷ ಸ್ಕೂಲ್ ಬಸ್ಸು ಓಡಿಸಿದವರು, ಬೆಳಗಿನ ಟ್ರಿಪ್ಪಿಗೂ ಸಂಜೆ ಟ್ರಿಪ್ಪಿಗೂ ನಡುವೆ ಎಲ್ಲಿ ಬೇಕಾದರೂ ಮಲಗುವ ವಿದ್ಯೆ ಕಲಿತವರು, ನನಗಾದರೆ ಹಾಸಿಗೆ ಸಿಕ್ಕರೂ ಒಲೆ ಆರಿಸಿದೆನಾ ಎಂದು ಎರಡು ಸಲ ಎದ್ದು ಬರಬೇಕು. ಸೀಟು ತರಲು ಹೋದ ದಿನ ಅಂಗಡಿಯಲ್ಲೂ ಹಾಗೇ ಮಾಡಿದೆ, ಎದುರು ಡಿಕ್ಕಿಯಾದರೆ ಎಷ್ಟು ಬಲ ತಡೆಯುತ್ತದೆ, ಪಕ್ಕದಿಂದ ಹೊಡೆದರೆ ಈ ಕಿವಿಗಳಂಥ ರೆಕ್ಕೆಗಳು ಬಾಗುತ್ತವಾ ಮುರಿಯುತ್ತವಾ, ಒಳಗಿನ ಸ್ಪಂಜು ಪೆಟ್ಟು ಹೀರುವ ಜಾತಿಯದಾ ಬರೀ ಮೆತ್ತಗಿನದಾ, ಅಂಗಡಿಯವನು ಉತ್ತರಗಳೆಲ್ಲ ಮುಗಿದು, ಮೇಡಂ, ನೀವು ಸೀಟು ತಗೊಳ್ತಿದೀರಾ ಇಲ್ಲ ತಯಾರಿಸ್ತಿದೀರಾ ಎಂದ, ಇವರು ಅವನ ಹೆಗಲು ತಟ್ಟಿ, ಬಿಡಪ್ಪಾ, ನನ್ನನ್ನ ಮದುವೆ ಆಗೋ ಮುಂಚೆ ಇದಕ್ಕಿಂತ ಜಾಸ್ತಿ ಕೇಳಿದ್ಲು ಎಂದರು. ಈಗ ಹಿಂದಕ್ಕೆ ಮುಖ, ದೊಡ್ಡವನಾದ ಮೇಲೆ ತಿರುಗಿಸಿದರೆ ಮುಂದಕ್ಕೆ ಮುಖ, ಹದಿನೆಂಟು ಕಿಲೋ ತನಕ ಒಂದೇ ಸೀಟು, ಹದಿನೆಂಟು ಕಿಲೋ ಎಂದರೆ ಇವನಂಥ ಎಂಟು ಜನ. ಇನ್‌ಸ್ಪೆಕ್ಟರಮ್ಮ, ನಮ್ಮ ಹುಡುಗ ಇದರೊಳಗೆ ಕಳೆದೇ ಹೋಗ್ತಾನೆ ಕಣೇ, ಹುಡುಕೋಕೆ ಇನ್ನೊಬ್ಬನ್ನ ಹೆರಬೇಕಾಗತ್ತೆ, ಎಂದರು ಇವರು. ನಗಲಿಲ್ಲ ನಾನು, ಹೊಲಿಗೆ ಇನ್ನೂ ನೋಯುತ್ತಿತ್ತು. ಹಿಂದಕ್ಕೆ ಮುಖ ಯಾಕೆ ಎಂದು ಅಮ್ಮನೂ ಫೋನಿನಲ್ಲಿ ಕೇಳಿದಳು, ಪಾಪದ್ದು, ದಾರಿ ನೋಡ್ಕೊಂಡು ಬರಬಾರದಾ, ನಿನ್ನನ್ನ ಸ್ಕೂಟರ್ ಹಿಂದೆ ಕೂತು ಮಡಿಲಲ್ಲಿ ತಂದವಳು ನಾನು, ಏನಾದ್ರೂ ಆಯ್ತಾ — ಆಗಲಿಲ್ಲಮ್ಮ, ಆದರೆ ಆಗದೇ ಇದ್ದದ್ದು ನಿನ್ನ ಪುಣ್ಯ, ಸ್ಕೂಟರಿನ ಗುಣವಲ್ಲ, ಎಂದು ಹೇಳಲಿಲ್ಲ, ಹೂಂ ಅಂದೆ. ಕೂಸಿನ ತಲೆಯೇ ಮೈಯ ಕಾಲುಭಾಗ ತೂಗುತ್ತದಂತೆ, ಕುತ್ತಿಗೆ ಇನ್ನೂ ಎಳಸು, ಮುಂದಕ್ಕೆ ಮುಖವಿದ್ದರೆ ಮೈ ಪಟ್ಟಿಯಲ್ಲಿ ನಿಲ್ಲುತ್ತದೆ, ತಲೆ ನಿಲ್ಲುವುದಿಲ್ಲ, ಹಿಂದಕ್ಕೆ ಮುಖವಿದ್ದರೆ ಪೆಟ್ಟು ಮೊದಲು ಸೀಟಿನ ಬೆನ್ನಿಗೆ, ಆಮೇಲೆ ಇವನ ಬೆನ್ನಿಗೆ, ತಲೆ ಕುತ್ತಿಗೆ ಬೆನ್ನು ಮೂರೂ ಸೇರಿ ಹಂಚಿಕೊಳ್ಳುತ್ತವೆ. ಸೀಟಿನ ಜೊತೆ ಬಂದ ಪುಸ್ತಕದ ಆ ಪುಟವನ್ನು ಎದೆಹಾಲು ಇಡುವ ಫ್ರಿಜ್ಜಿನ ಪಕ್ಕ ನಿಂತು ಓದಿದೆ, ಹಂಚಿಕೊಳ್ಳುತ್ತವೆ ಎಂಬಲ್ಲಿಗೆ ಬಂದಾಗ ಅಳು ಬಂತು, ಪಕ್ಕದಲ್ಲಿ ಬಾಟಲಿಗೆ ಚೀಟಿ ಅಂಟಿಸುತ್ತಿದ್ದ ಇನ್ನೊಬ್ಬ ತಾಯಿ ಏನೂ ಕೇಳದೆ ಟಿಶ್ಯೂ ಕೊಟ್ಟಳು, ಅಲ್ಲಿ ಯಾರು ಯಾವಾಗ ಅತ್ತರೂ ಯಾರೂ ಕಾರಣ ಕೇಳುವುದಿಲ್ಲ.

ತೊಂಬತ್ತೈದು. ಮೂವತ್ತೆಂಟು ನಿಮಿಷ. ಇನ್ನು ಮೂರು ನಿಮಿಷಕ್ಕೆ ಆ ಹೊತ್ತು ಬರುತ್ತದೆ, ಮೊನ್ನೆ ನಲವತ್ತೊಂದನೇ ನಿಮಿಷಕ್ಕೆ ಆದದ್ದು, ಬೇಡ, ಬೇರೆ ಏನಾದರೂ ಯೋಚಿಸು, ಲಿಫ್ಟು, ಹೌದು, ಹದಿನಾರು ವರ್ಷದಿಂದ ಲಿಫ್ಟ್ ತಪಾಸಣೆ ಮಾಡುತ್ತೇನೆ, ಹಗ್ಗ ಕಡಿದರೂ ಬೀಳದ ಹಾಗೆ ಪೆಟ್ಟಿಗೆಯ ಅಡಿಯಲ್ಲಿ ಎರಡು ದವಡೆಗಳಿರುತ್ತವೆ, ವೇಗ ಮಿತಿ ಮೀರಿದರೆ ಹಳಿಯನ್ನು ಕಚ್ಚಿ ಹಿಡಿಯುತ್ತವೆ, ಖಾಲಿ ಪೆಟ್ಟಿಗೆ ಬಿಟ್ಟು ಕಚ್ಚುವ ಸದ್ದು ಕೇಳಿಸಿಕೊಂಡ ಮೇಲೇ ನಾನು ಸಹಿ ಹಾಕುವುದು, ಹಾಕಿದ ಮೇಲೂ ಮೆಟ್ಟಿಲಿಳಿದು ಬಂದು, ಸರಿಯಾಗಿ ಕೇಳಿಸಿಕೊಂಡೆನಾ ಎಂದು ವಾಪಸು ಹತ್ತಿದ್ದೂ ಉಂಟು, ಒಟ್ಟಿಗೆ ಕೆಲಸ ಮಾಡುವವರು ನಗುತ್ತಾರೆ, ನಗಲಿ. ಆದರೆ ಆರನೇ ತಿಂಗಳಲ್ಲೂ ಏಣಿ ಇಳಿದು ಲಿಫ್ಟಿನ ಗುಂಡಿಯೊಳಗೆ ಹೋಗಿದ್ದೆನಲ್ಲ, ಅದಕ್ಕೇ ಏನಾದರೂ ಇವನು ಬೇಗ ಬಂದನಾ, ಅದಕ್ಕೂ ಇದಕ್ಕೂ ಸಂಬಂಧ ಇಲ್ಲಮ್ಮ, ನೀವೇನೂ ಮಾಡಿಲ್ಲ, ಎಂದರು ಡಾಕ್ಟರು, ಮೂರು ಸಲ ಕೇಳಿದೆ, ಮೂರು ಸಲವೂ ಅದನ್ನೇ ಹೇಳಿದರು, ನಾಲ್ಕನೇ ಸಲ ಕೇಳಲು ನಾಚಿಕೆಯಾಯಿತು. ಸಂಜೆ ಕಾಲೇಜಿನಲ್ಲಿ ನಮಗೊಬ್ಬರು ಮೇಷ್ಟ್ರಿದ್ದರು, ಹಗಲಿಡೀ ದುಡಿದು ಬಂದ ನಾವು ಬೆಂಚಿನ ಮೇಲೆ ತೂಕಡಿಸುತ್ತಿದ್ದರೆ ಬೋರ್ಡಿಗೆ ಡಸ್ಟರ್ ಬಡಿಯುತ್ತಿದ್ದರು, ಏಳ್ರಪ್ಪಾ, ಮನೆ ಬಂತು. ಅವರೇ ಹೇಳಿದ್ದು, ಯಂತ್ರ ಕೈಕೊಟ್ರೆ, ಭದ್ರ ಮಾಡೋಕೆ ಅಂತ ನೀವಾಗಿ ಸೇರಿಸಿದ್ದೇನಿದೆ, ಮೊದಲು ಅದನ್ನ ಅನುಮಾನಿಸಿ, ಮೂಲದಲ್ಲಿ ಬಂದಿದ್ದನ್ನ ಆಮೇಲೆ. ಕೆಂಪು ಶಾಯಿಯಲ್ಲಿ ಬರೆದು ಅಡಿಗೆರೆ ಎಳೆದಿದ್ದೆ, ಅಡಿಗೆರೆ ಎಳೆದವಳೇ ಆ ಟವೆಲ್ ಮಡಚಿದಳು.

ನಲವತ್ತೊಂದು. ಮೊನ್ನೆ ನರ್ಸಕ್ಕ ಕೈ ತೊಳೆಯಲು ತಿರುಗಿದ್ದರು, ಇವರು ಫೋನಿನಲ್ಲಿ ಡಿಪೋದವರ ಜೊತೆ ರಜೆಯ ಮಾತಾಡುತ್ತ ಬಾಗಿಲಾಚೆ ನಿಂತಿದ್ದರು, ಇವನ ತಲೆಯ ಹಿಂದೆ ಒಂದಿಷ್ಟು ಖಾಲಿ ಕಾಣಿಸಿತು ನನಗೆ, ಅಷ್ಟು ದೊಡ್ಡ ಸೀಟು, ಅಷ್ಟು ಚಿಕ್ಕ ತಲೆ, ಮನೆಯಿಂದ ತಂದ ಮೆತ್ತನೆ ಟವೆಲ್ಲು, ನಾಲ್ಕು ಮಡಿಕೆ, ಮೆಲ್ಲಗೆ ಸೇರಿಸಿದೆ, ನೋಡಲು ಎಷ್ಟು ಚೆನ್ನಾಗಿತ್ತು, ಗೂಡಿನಲ್ಲಿ ಕೂತ ಹಾಗೆ. ಆ ಟವೆಲ್ಲು ತಲೆಯನ್ನು ಒಂದೊಂದೇ ಎಳೆಯಷ್ಟು ಮುಂದಕ್ಕೆ ತಳ್ಳಿತು, ಗದ್ದ ಎದೆಗೆ ತಾಗಿತು, ಒಳಗೆ ಗಾಳಿಯ ದಾರಿ ನೀರಿನ ಪೈಪಿನಂತೆ ಮಡಚಿಕೊಂಡಿತು, ಇವನು ಅಳಲಿಲ್ಲ, ಒದೆಯಲಿಲ್ಲ, ಸುಮ್ಮನೆ ನಿದ್ದೆ ಮಾಡುತ್ತಲೇ ಇದ್ದ, ಅದನ್ನೇ ಮರೆಯಲಾಗುತ್ತಿಲ್ಲ, ಎಂಬತ್ತೆಂಟು, ಎಂಬತ್ತನಾಲ್ಕು, ಎಪ್ಪತ್ತೊಂಬತ್ತು, ನಾನು ನೋಡುತ್ತಿದ್ದೆ, ತುಟಿ ನೇರಳೆಯಾಯಿತು, ನರ್ಸಕ್ಕ ಓಡಿ ಬಂದು ಎರಡು ಬೆರಳಿನಿಂದ ಗದ್ದ ಎತ್ತಿದರು, ಅಷ್ಟೇ, ಎರಡು ಬೆರಳು, ಬಣ್ಣ ವಾಪಸು ಬಂತು. ಆಮೇಲೆ ಟವೆಲ್ಲನ್ನು ಎಳೆದು ಹಿಡಿದರು. ಬೈದಿದ್ದರೆ ಬದುಕುತ್ತಿದ್ದೆ. ಸೀಟಿನ ಜೊತೆ ಬಂದಿರೋದು ಬಿಟ್ಟು ಇನ್ನೇನೂ ಬೇಡಮ್ಮ, ಎಂದಷ್ಟೇ ಹೇಳಿ ಮಡಚಿ ಕೈಗಿಟ್ಟರು, ಮಡಚಿ, ನನ್ನದೇ ಮಡಿಕೆಗಳಲ್ಲಿ. ಇವರು ಒಳಗೆ ಬಂದು, ಏನಾಯ್ತು, ಫೇಲಾದ್ನಾ ಎಂದರು, ಹೂಂ ಅಂದೆ, ಹೋಗ್ಲಿ ಬಿಡು, ಇನ್ನೂ ಎರಡು ದಿನ ಆರಾಮಾಗಿ ಬಿದ್ದಿರ್ಲಿ, ಸೋಮಾರಿ, ಥೇಟ್ ನನ್ನ ಹಾಗೆ ಎಂದು ಗಾಜಿನ ತೊಟ್ಟಿಲಿನ ಮೇಲೆ ಬೆರಳಿನಿಂದ ತಟ್ಟಿದರು. ಆಗಲೂ ನಾನು ಹೇಳಲಿಲ್ಲ. ಎರಡು ದಿನ ಆಯಿತು. ತಪ್ಪನ್ನು ಎರಡು ಕಿಲೋ ಇನ್ನೂರರ ಮೇಲೆ ಹೊರಿಸಿ ಸುಮ್ಮನಿದ್ದೇನೆ, ಅವನಿಗೆ ಮಾತು ಬಂದಮೇಲೆ ಕೇಳಿಯಾನು, ಅಮ್ಮಾ ನಾನಾ ಫೇಲಾದದ್ದು.

ಐವತ್ತಾರು ನಿಮಿಷ. ತೊಂಬತ್ತೇಳು, ಶಹಬ್ಬಾಸ್. ಇವತ್ತು ಎಲ್ಲ ಪುಸ್ತಕದಲ್ಲಿದ್ದ ಹಾಗೆಯೇ, ಎಳೆಕೂಸಿಗೆಂದೇ ಸೀಟಿನ ಜೊತೆ ಬಂದ ತೆಳು ಹಾಸು, ಪಟ್ಟಿಗಳು ಹೆಗಲಿನ ಮಟ್ಟದಲ್ಲಿ, ಮೇಲಲ್ಲ, ಬಕಲ್ಲು ಹತ್ತಿರದ ತೂತಿನಲ್ಲಿ, ಸೀಟಿನ ಪಕ್ಕೆಯಲ್ಲಿ ಓರೆ ಸರಿಯಿದೆಯಾ ತೋರಿಸುವ ರಸಮಟ್ಟದ ಗುಳ್ಳೆ ಎರಡು ಗೆರೆಗಳ ನಡುವೆ, ಎದೆಯ ಮೇಲೆ ಎರಡೂ ಪಟ್ಟಿಗಳನ್ನು ಸೇರಿಸುವ ನೀಲಿ ಕ್ಲಿಪ್ಪು ಕಂಕುಳಿನ ನೇರಕ್ಕೆ, ಗುಬ್ಬಚ್ಚಿಯ ಎದೆಯಷ್ಟಗಲದ ಎದೆ, ಅದರ ಮೇಲೆ ಆ ಕ್ಲಿಪ್ಪೇ ಒಂದು ಗುರಾಣಿಯ ಹಾಗೆ ಕಾಣುತ್ತದೆ. ಉಸಿರಿನ ಜೊತೆ ಮೇಲೆ ಹೋಗುತ್ತದೆ, ಕೆಳಗೆ ಬರುತ್ತದೆ. ಒಂದು ದಿನ ಇದೇ ಸೀಟನ್ನು ಮುಂದಕ್ಕೆ ತಿರುಗಿಸುತ್ತೇವೆ, ಕಾರಿನ ಬೆಲ್ಟನ್ನು ಸೀಟಿನ ನೀಲಿ ಗುರುತಿನ ದಾರಿಯಿಂದ ತೆಗೆದು ಕೆಂಪು ಗುರುತಿನ ದಾರಿಗೆ ಹಾಕುತ್ತೇವೆ, ಅಷ್ಟರಲ್ಲಿ ಇವನ ಮೊಣಕಾಲು ಗಾಯಗಳಿಂದ ತುಂಬಿರುತ್ತದೆ, ಮುಂದಿನ ಸೀಟಿಗೆ ಒದೆಯುತ್ತಾನೆ, ಯಾರೋ ಅದು ನನ್ನ ಬೆನ್ನಿಗೆ ಗುದ್ದೋನು ಎಂದು ಇವರು ಕೂಗುತ್ತಾರೆ, ಪಟ್ಟಿ ಟೈಟಾಯ್ತು, ಬಿಡಮ್ಮಾ, ಎಂದು ಅವನು — ತೊಂಬತ್ತಮೂರು. ತೊಂಬತ್ತೊಂದು. ಇಲ್ಲ, ಮೇಲೆ ಬಾ ಪುಟ್ಟಾ. ತೊಂಬತ್ತು. ಎಂಬತ್ತೊಂಬತ್ತು, ಗಂಟೆ ಹೊಡೆಯಿತು, ಒಂದು, ಕೈಗಳು ತೊಡೆಯಡಿಯಿಂದ ಹೊರಗೆ ಬಂದಿವೆ, ನಾನು ತೆಗೆದದ್ದಲ್ಲ, ಎರಡು, ನಿಂತಿದ್ದೇನೆ, ಎರಡು ಬೆರಳು ಸಾಕು, ಗದ್ದದ ಅಡಿಗೆ ಎರಡು ಬೆರಳು, ಮೂರು, ನರ್ಸಕ್ಕ ಆ ತುದಿಯಿಂದ ನೋಡುತ್ತಿದ್ದಾರೆ, ಬರುತ್ತಿಲ್ಲ, ಯಾಕೆ ಬರುತ್ತಿಲ್ಲ, ಅಂಗೈ ತೋರಿಸುತ್ತಿದ್ದಾರೆ, ತಾಳಿ, ನಾಲ್ಕು, ತಲೆಯ ಹಿಂದೆ ಏನೂ ಇಲ್ಲ, ನಾನೇನೂ ಇಟ್ಟಿಲ್ಲ, ಮೂರು ಸಲ ನೋಡಿದ್ದೇನೆ, ಸಂಖ್ಯೆ ಬೇಡ, ಕ್ಲಿಪ್ಪು ನೋಡು, ನಿಂತಿದೆ, ನೀಲಿ ಕ್ಲಿಪ್ಪು ನಿಂತಿದೆ, ಐದು, ನಾನು ಮುಟ್ಟಿದರೆ ಇವನಿಗೆ ತಾನಾಗಿ ಉಸಿರಾಡಲು ಬರುವುದಿಲ್ಲ ಎಂದೇ ಆಯಿತು, ಮುಟ್ಟದಿದ್ದರೆ, ಆರು — ತುಟಿ ಚೀಪಿದ. ಯಾವುದೋ ಕನಸಿನ ಹಾಲು. ನಿಟ್ಟುಸಿರು ಬಿಟ್ಟ, ಮನೆಯ ಹಿರಿಯನ ಹಾಗೆ, ತಲೆ ಒಂದಿಷ್ಟು ಪಕ್ಕದ ರೆಕ್ಕೆಗೆ ಒರಗಿತು, ಗದ್ದ ಎದೆಯಿಂದ ಬಿಟ್ಟಿತು, ಕ್ಲಿಪ್ಪು ಎದ್ದಿತು. ತೊಂಬತ್ತೊಂದು. ತೊಂಬತ್ತನಾಲ್ಕು. ಏನಿಲ್ಲಮ್ಮ, ಯಜಮಾನ್ರು ಸ್ವಲ್ಪ ಯೋಚನೆ ಮಾಡಿದ್ರು ಅಷ್ಟೆ, ಕೂತ್ಕೊಳ್ಳಿ. ಕೂತೆ. ಕೈ ಎಷ್ಟು ಹತ್ತಿರ ಹೋಗಿತ್ತು, ಅಷ್ಟು ಹತ್ತಿರ ಗಾಳಿಯಲ್ಲಿ ನಿಂತಿತ್ತು, ಏಳು ಎಂದು ಎಣಿಸಿದ್ದರೆ ಮುಟ್ಟುತ್ತಿದ್ದೆನಾ, ಗೊತ್ತಿಲ್ಲ, ಗೊತ್ತಾಗುವುದೂ ಇಲ್ಲ, ಅವನಾಗಿಯೇ ಮಾಡಿದ. ನಾನಿಲ್ಲದೆ.

ತೊಂಬತ್ತು ನಿಮಿಷಕ್ಕೆ ಇವರನ್ನು ಎಬ್ಬಿಸಿದೆ, ಪಾಸು ಎಂದೆ, ಅದರ ಬೆನ್ನಿಗೇ, ಉಸಿರು ತೆಗೆದುಕೊಳ್ಳದೆ, ಮೊನ್ನೆ ಅವನು ಫೇಲಾದದ್ದಲ್ಲ ಕಣ್ರೀ, ತಲೆ ಹಿಂದೆ ಟವೆಲ್ ಇಟ್ಟಿದ್ದೆ, ನಾನು, ಅದರಿಂದ ಕುತ್ತಿಗೆ ಬಾಗಿತು, ಎಂದು ಎಲ್ಲ ಹೇಳಿಬಿಟ್ಟೆ. ಇವರು ಮುಖ ಒರೆಸಿಕೊಂಡರು, ನನ್ನನ್ನು ನೋಡಿದರು, ಮಗನನ್ನು ನೋಡಿದರು, ತಮ್ಮ ಶೂ ನೋಡಿದರು. ಆಮೇಲೆ ಸಣ್ಣ ದನಿಯಲ್ಲಿ, ಹಂಗಾದ್ರೆ, ಕಾರಲ್ಲಿ ಒಂದು ದಿಂಬು ಇದೆ, ಅದನ್ನೂ ತೆಗೀಬೇಕಾ ಎಂದರು. ಯಾವ ದಿಂಬು. ಕುತ್ತಿಗೆಗೆ ಅಂತ, ನಿಂಗೆ ಹೇಳದೆ ತಂದೆ, ನೀನು ಪುಸ್ತಕ ಓದಿ ಬೇಡ ಅಂತೀಯಾ ಅಂತ, ಮೊಲದ ಕಿವಿ ಇದೆ ಅದಕ್ಕೆ. ಮೊಲದ ಕಿವಿ. ನರ್ಸಕ್ಕ ವೈರು ಬಿಚ್ಚುತ್ತಿದ್ದವರು ಆ ಕಡೆ ತಿರುಗಿ ನಿಂತರು, ಹೆಗಲು ಕುಲುಕುತ್ತಿತ್ತು, ನನಗೆ ನಗು ಬಂತೋ ಅಳು ಬಂತೋ, ಹೊಲಿಗೆ ಮಾತ್ರ ನೋಯಲಿಲ್ಲ. ಇಷ್ಟು ದಿನ ಗೊರಕೆ ಹೊಡೆಯುತ್ತಿದ್ದ ಮನುಷ್ಯನಿಗೂ ಇದೇ ಭಯವಿತ್ತಾ.

ಕಾರಿನಲ್ಲಿ ಇವರು ಬೆಲ್ಟನ್ನು ನೀಲಿ ದಾರಿಯಲ್ಲಿ ಹಾಯಿಸಿ ಮೊಣಕಾಲೂರಿ ಎಳೆದರು, ನಾನು ಸೀಟಿನ ಬುಡ ಹಿಡಿದು ಅಲುಗಿಸಿ ನೋಡಿದೆ, ಅಲುಗಲಿಲ್ಲ, ಗುಳ್ಳೆ ನಡುವೆ ನಿಂತಿತು, ಇವನನ್ನು ಕೂರಿಸಿ ಹೆಗಲ ಪಟ್ಟಿಯನ್ನು ಬೆರಳಲ್ಲಿ ಚಿವುಟಲು ನೋಡಿದೆ, ಚಿವುಟಲು ಸಿಗಬಾರದು, ಸಿಗಲಿಲ್ಲ, ಇನ್ನೊಂದು ಸಲ ನೋಡಲೇ ಎನ್ನಿಸಿತು, ನೋಡಲಿಲ್ಲ. ಇಪ್ಪತ್ತು ವರ್ಷ ಊರಿನ ಮಕ್ಕಳನ್ನೆಲ್ಲ ಸಾಗಿಸಿದೀನಿ, ಇವತ್ತು ಕ್ಲಚ್ ಎಲ್ಲಿದೆ ಅಂತ ಹುಡುಕ್ತಿದೀನಿ ನೋಡು, ಎಂದರು ಮುಂದಿನಿಂದ, ಅಲ್ಲಿಗೆ ಇವನ ಮುಖ ಕಾಣಿಸುವುದಿಲ್ಲ, ಏನ್ ಮಾಡ್ತಿದಾನೆ, ನಿದ್ದೆ, ಸರಿಯಾಗಿ ನೋಡು, ನೋಡ್ತಿದೀನಿ ರೀ. ದೀಪ ಕೆಂಪಾಯಿತು, ನಿಂತೆವು, ಹಸಿರಾಯಿತು, ಹಿಂದಿನವರು ಹಾರ್ನ್ ಹೊಡೆದರು, ಹೊಡೆಯಲಿ, ಮನೆಗೆ ನಲವತ್ತು ನಿಮಿಷ, ಇಲ್ಲಿ ಪರದೆಯಿಲ್ಲ, ಸಂಖ್ಯೆಯಿಲ್ಲ, ಕಾಲಲ್ಲಿ ಕೆಂಪು ದೀಪವಿಲ್ಲ, ಅಂಗೈ ತೋರಿಸಿ ತಾಳಿ ಎನ್ನುವವರಿಲ್ಲ, ಮೂವತ್ತನಾಲ್ಕು ದಿನದಲ್ಲಿ ಮೊದಲ ಸಲ ಇವನೆಷ್ಟು ಎಂದು ಯಾರೂ ಹೇಳುತ್ತಿಲ್ಲ, ಇವತ್ತು ರಾತ್ರಿ ತೊಟ್ಟಿಲಲ್ಲೂ ಯಾರೂ ಹೇಳುವುದಿಲ್ಲ, ಕೈ ಮಡಿಲಲ್ಲಿದೆ, ಮಡಿಲಲ್ಲೇ ಇರಲಿ, ಕಿಟಕಿಯ ಬಿಸಿಲು ಬಂದು ಎದೆಯ ಮೇಲೆ ಬಿದ್ದಿದೆ, ನೀಲಿ ಕ್ಲಿಪ್ಪು, ಏಳುತ್ತದೆ, ಇಳಿಯುತ್ತದೆ, ನಿಲ್ಲುತ್ತದೆ, ಒಂದು, ಎರಡು, ಏಳುತ್ತದೆ, ನೀಲಿ, ಇಳಿಯುತ್ತದೆ, ನಿಲ್ಲುತ್ತದೆ, ಎಣಿಸಬೇಡ, ನೀಲಿ ಕ್ಲಿಪ್ಪು, ಬಿಸಿಲಲ್ಲಿ, ಏಳುತ್ತದೆ —