ಮುಂಬೈಯಲ್ಲಿ ನಮಗೊಂದು ಲೇಓವರ್ ಇತ್ತು

ನಮ್ಮ ಯಜಮಾನರಿಗೆ ಆ ಪದ ಸಿಕ್ಕಿದ್ದು ಅಳಿಯನಿಂದ. ನಮ್ಮಿಬ್ಬರಿಗೆ ಕಾಶಿಗೆ ಹೋಗಲು ವಿಮಾನದ ಟಿಕೆಟ್ ಮಾಡಿಸಿಕೊಟ್ಟ ಅಳಿಯ, ಹುಬ್ಬಳ್ಳಿಯಿಂದ ಬೆಳಿಗ್ಗೆ ಮುಂಬೈಗೆ ಇಳಿದರೆ ಕಾಶಿಯ ವಿಮಾನ ಇರುವುದು ರಾತ್ರಿಗೇ, ಅಲ್ಲಿಯವರೆಗೆ ಕಾಯಬೇಕು, ಅದಕ್ಕೆ ಲೇಓವರ್ ಅನ್ನುತ್ತಾರೆ ಎಂದು ಸಂಕೋಚದಿಂದಲೇ ಹೇಳಿದ. ಅಗ್ಗದ ಟಿಕೆಟ್ ಆದ್ದರಿಂದ ಹೀಗೆ ಎಂದೂ ಹೇಳಿದ. ಆ ಕೊನೆಯ ಮಾತು ಯಜಮಾನರ ಕಿವಿಗೆ ಬೀಳಲಿಲ್ಲ. ಮರುದಿನದಿಂದ ಕೊಟ್ಟೂರಿನ ನಮ್ಮ ಪೇಂಟ್ ಅಂಗಡಿಗೆ ಬಂದವರಿಗೆಲ್ಲ, "ನಮಗ ಮುಂಬೈನಾಗ ಲೇಓವರ್ ಐತ್ರಿ" ಎನ್ನತೊಡಗಿದರು. ಮುಂಬೈಯಲ್ಲಿ ಎರಡು ಎಕರೆ ನೀರಾವರಿ ಇದೆ ಎನ್ನುವ ಧಾಟಿ. ಸುಣ್ಣ ಕೊಳ್ಳಲು ಬಂದವರೂ ಕೈಮುಗಿದು ಹೋದರು.

ನನಗೆ ಆ ಪದದ ಮೇಲೆ ಪ್ರೀತಿ ಬಂದದ್ದು ಬೇರೆ ಕಾರಣಕ್ಕೆ. ನಾನು ಪುಷ್ಪಲತಾ, ತಂಬ್ರಹಳ್ಳಿ ಕಡೆಯ ಶಾಲೆಯೊಂದರಲ್ಲಿ ಟೀಚರಾಗಿದ್ದು ಹೋದ ವರ್ಷ ನಿವೃತ್ತಳಾದೆ. ಭೂಮಿಯ ಮುಕ್ಕಾಲು ಪಾಲು ಸಮುದ್ರ ಎಂದು ಮಕ್ಕಳಿಗೆ ಬೋರ್ಡಿನ ಮೇಲೆ ಬರೆದು ಬರೆದು ನೀಲಿ ಸೀಮೆಸುಣ್ಣ ಸವೆಸಿದವಳು. ಕಣ್ಣಾರೆ ಕಂಡ ದೊಡ್ಡ ನೀರೆಂದರೆ ತುಂಗಭದ್ರೆಯ ಹಿನ್ನೀರು ಮಾತ್ರ. ಶಾಲೆಯಿಂದ ಗೋಕರ್ಣಕ್ಕೆ ಪ್ರವಾಸ ಹೊರಟಾಗಲೆಲ್ಲ ನಮ್ಮ ಮನೆಯಲ್ಲಿ ಯಾವುದೋ ನಾದಿನಿಯ ಬಾಣಂತನ, ಯಾರದೋ ನಿಶ್ಚಿತಾರ್ಥ. ಹೀಗಾಗಿ ಸಮುದ್ರ ನೋಡುವುದು ನನಗೆ ಆಸೆಯಾಗಿ ಉಳಿದಿರಲಿಲ್ಲ, ಹಟವಾಗಿತ್ತು. ಕಾಶಿ ವಿಶ್ವನಾಥ ಕ್ಷಮಿಸಲಿ, ನಾನು ಹೊರಟದ್ದು ಅವನಿಗಾಗಿ ಅಲ್ಲ.

"ಏನ್ರೀ, ಮುಂಬೈನಾಗ ಸಮುದ್ರ ನೋಡೂಣ" ಎಂದೆ.

"ನೋಡೂಣಂತ. ಇಡೀ ದಿನ ಐತಲ್ಲ" ಎಂದರು ಯಜಮಾನರು. ಅದೇ ಉಸಿರಿನಲ್ಲಿ ಬಳಗದ ವಾಟ್ಸಾಪ್ ಗುಂಪಿಗೆ ತಮ್ಮ ಲೇಓವರ್‌ನ ತಾರೀಕು ಹಾಕಿದರು. ತಿಳಿಯದೆ ಮಾಡಿದ್ದಲ್ಲ, ಮೆರೆಯಲೆಂದೇ ಮಾಡಿದ್ದು. ಆದರೆ ಮಾರಿ ಬಂದದ್ದು ಅಲ್ಲಿಂದಲೇ.

ನಮ್ಮ ಕಡೆಯವರಿಗೆ ಊರೆಂದರೆ ನೋಡುವ ಜಾಗವಲ್ಲ. ಊರೆಂದರೆ ನೆಂಟರ ಮನೆ. "ನಮ್ಮೂರಿಗೆ ಬಂದು ಮನಿಗೆ ಬರ್ಲಿಲ್ಲ" ಎಂಬ ಒಂದು ಮಾತಿನಿಂದ ನಿಂತುಹೋದ ಸಂಬಂಧಗಳು ಹಡಗಲಿಯಿಂದ ಹರಪನಹಳ್ಳಿಯವರೆಗೆ ಎಷ್ಟಿವೆಯೋ. ಗುಂಪಿಗೆ ಸಂದೇಶ ಬಿದ್ದ ಸ್ವಲ್ಪ ಹೊತ್ತಿಗೆ ಘಾಟ್ಕೋಪರ್‌ನಿಂದ ಗುರುಬಸವರಾಜರ ಫೋನ್ ಬಂತು. ನನ್ನ ನಾದಿನಿಯನ್ನು ಕೊಟ್ಟ ಮನೆಯವರು, ಬೀಗರು, ಇಲ್ಲವೆನ್ನುವಂತಿಲ್ಲ. ಅದಕ್ಕೆ ಒಪ್ಪಿದ ಮೇಲೆ ಅಂಧೇರಿಯಲ್ಲಿರುವ ಯಜಮಾನರ ಚಿಕ್ಕಪ್ಪನ ಮಗ ಗವಿಸಿದ್ದೇಶ್ ಫೋನ್ ಮಾಡಿದ. ಬೀಗರ ಮನೆಗೆ ಹೋಗಿ ಖಾಸಾ ತಮ್ಮನ ಮನೆ ಬಿಟ್ಟರೆ ಸತ್ತ ಚಿಕ್ಕಪ್ಪ ಸಮಾಧಿಯಲ್ಲೇ ಹೊರಳಾಡುತ್ತಾನೆ ಎಂದು ಅದಕ್ಕೂ ಒಪ್ಪಿದರು.

"ಮತ್ತ ಸಮುದ್ರ?" ಎಂದೆ.

"ಎರಡೂ ಮನ್ಯಾಗ ಬರೇ ಚಾ ಕುಡಿಯೋದು, ಎದ್ದು ಬರೋದು. ಸಮುದ್ರ ಎಲ್ಲಿಗ್ ಓಡಿ ಹೋಕ್ಕೈತಿ?"

ಬರೀ ಚಹಾ ಕುಡಿದು ಎದ್ದು ಬಂದ ನೆಂಟನನ್ನು ನಮ್ಮ ಸೀಮೆಯಲ್ಲಿ ಇದುವರೆಗೆ ಯಾರೂ ಕಂಡಿಲ್ಲ. ಅದು ಯಜಮಾನರಿಗೂ ಗೊತ್ತು.

ದೊಡ್ಡ ಬ್ಯಾಗುಗಳು ತಾವಾಗಿಯೇ ಕಾಶಿಗೆ ಹೋಗುತ್ತವೆಂದು ವಿಮಾನದವರು ಹೇಳಿದ್ದರಿಂದ ಮುಂಬೈಯಲ್ಲಿ ಕೈಬೀಸಿಕೊಂಡು ಹೊರಬಿದ್ದೆವು. ಹತ್ತಿರದ ಮೆಟ್ರೋ ನಿಲ್ದಾಣದಲ್ಲಿ ಗೋಡೆಯ ಮೇಲೆ ದಾರಿಯ ನಕ್ಷೆ ಇತ್ತು. ನಕ್ಷೆ ಓದುವುದು ನನ್ನ ಕಸುಬು. ಗೆರೆಯ ಒಂದು ತುದಿ ವರ್ಸೋವಾ, ಅಲ್ಲಿ ಸಮುದ್ರ. ಇನ್ನೊಂದು ತುದಿ ಘಾಟ್ಕೋಪರ್, ಅಲ್ಲಿ ಬೀಗರು. ಯಜಮಾನರು ನನ್ನ ಕೈಹಿಡಿದು ಬೀಗರ ಕಡೆಯ ಗಾಡಿ ಹತ್ತಿಸಿದರು. ನನಗೆ ಅಳು ಬಂದಷ್ಟೇ ಸಿಟ್ಟೂ ಬಂತು.

ಗುರುಬಸವರಾಜರು ಬಾಗಿಲಲ್ಲೇ ನಿಂತಿದ್ದರು. ಕೈಕಾಲಿಗೆ ನೀರು ಕೊಟ್ಟರು. ಮನೆ ತೋರಿಸಿದರು. ಮನೆಯೆಂದರೆ ಎರಡು ಕೋಣೆ, ಆದರೆ ಗೀಜರ್, ನೀರು ಸೋಸುವ ಯಂತ್ರ, ಬಟ್ಟೆ ಒಗೆಯುವ ಯಂತ್ರ ಎಲ್ಲವನ್ನೂ ಚಾಲೂ ಮಾಡಿ ತೋರಿಸಿದ್ದರಿಂದ ಹೊತ್ತು ಹಿಡಿಯಿತು. ಅಷ್ಟರಲ್ಲಿ ಮಿರ್ಚಿ ಮಂಡಕ್ಕಿ ಬಂತು. ಚಹಾ ಕುಡಿದು ಏಳುತ್ತೇವೆ ಎಂದರೆ ರೊಟ್ಟಿ ಬಡಿಯುವ ಸದ್ದು ಒಳಗಿನಿಂದ ಕೇಳಿತು.

"ನಾವು ಸ್ವಲ್ಪ ಸಮುದ್ರ ನೋಡಬೇಕಿತ್ರಿ" ಎಂದು ನಾನೇ ಬಾಯಿಬಿಟ್ಟು ಹೇಳಿದೆ.

"ಸಮುದ್ರ ಏನ್ರಿ ಅಕ್ಕಾರ! ಮೊದ್ಲ ಹೇಳಬೇಕಿಲ್ಲೇನು?" ಎಂದು ಗುರುಬಸವರಾಜರು ಉತ್ಸಾಹದಿಂದ ಎದ್ದರು. ನನಗೆ ಹೋದ ಜೀವ ಬಂದಂತಾಯಿತು. ಅವರು ರಿಮೋಟ್ ತೆಗೆದುಕೊಂಡು ಗೋಡೆಯಷ್ಟಗಲದ ಟಿವಿಯಲ್ಲಿ ಯಾವುದೋ ದೇಶದ ಸಮುದ್ರ ಹಾಕಿದರು. "ನೋಡ್ರಿ, ಎಷ್ಟು ಸ್ವಚ್ಛ ಐತಿ. ಇಲ್ಲೀದು ಬರೇ ಹೊಲಸು, ಮೀನ ವಾಸ್ನಿ. ಇದು ಎರಡು ತಾಸಿಂದೈತಿ, ಆರಾಮ್ ನೋಡ್ರಿ."

ಯಜಮಾನರು ಮಿರ್ಚಿ ಕಚ್ಚುತ್ತ, "ಹೌದಲ್ಲ, ಅಗದೀ ಎದ್ರಿಗೇ ಕುಂತಂಗ ಐತಿ" ಎಂದರು. ನಾನು ಅವರ ಕಡೆ ನೋಡಿದ ನೋಟಕ್ಕೆ ಮಿರ್ಚಿಯೂ ತಣ್ಣಗಾಗಬೇಕಿತ್ತು.

ಅಲ್ಲಿ ರೊಟ್ಟಿ, ಎಣ್ಣೆಗಾಯಿ, ಅನ್ನ, ಸಾರು ಎಲ್ಲ ಮುಗಿಸಿ, ಉಡಿ ತುಂಬಿಸಿಕೊಂಡು ಹೊರಬಿದ್ದಾಗ ಮಧ್ಯಾಹ್ನ ಸರಿದಿತ್ತು. ಉಡಿ ತುಂಬುವುದೆಂದರೆ ಗೊತ್ತಲ್ಲ, ಮನೆಗೆ ಬಂದ ಮುತ್ತೈದೆಗೆ ಅಕ್ಕಿ, ತೆಂಗಿನಕಾಯಿ, ಎಲೆ ಅಡಿಕೆ, ಕುಪ್ಪಸದ ಕಣ ಸೆರಗಿಗೆ ಹಾಕದೆ ಬಾಗಿಲು ದಾಟಿಸುವುದಿಲ್ಲ. ಹಾಗೆ ಕಳಿಸಿದರೆ ಮನೆಗೆ ಶ್ರೇಯಸ್ಸಲ್ಲ. ಬೀಗರ ಕಾಯಿಯನ್ನು ಅವರೇ ಕೊಟ್ಟ ಚೀಲಕ್ಕೆ ಹಾಕಿಕೊಂಡು ಮತ್ತೆ ಮೆಟ್ರೋ ಹತ್ತಿದೆ.

ಈ ಸಲ ಗಾಡಿ ಸಮುದ್ರದ ದಿಕ್ಕಿಗೇ ಹೊರಟಿತ್ತು. ಅಂಧೇರಿಯಲ್ಲಿ ಯಜಮಾನರು ಇಳಿಸಿಬಿಟ್ಟರು.

ಗವಿಸಿದ್ದೇಶ್ ಒಂದು ಸ್ಟೀಲ್ ವ್ಯಾಪಾರಿಯ ಆಫೀಸಿನಲ್ಲಿದ್ದಾನೆ. ನಮಗಾಗಿ ರಜೆ ಹಾಕಿದ್ದ. ನಾವು ಉಂಡು ಬಂದಿದ್ದೇವೆ ಎಂದು ಹೇಳಿದ್ದೇ ತಪ್ಪಾಯಿತು.

"ಬೀಗರ ಮನ್ಯಾಗ ಊಟ, ತಮ್ಮನ ಮನ್ಯಾಗ ಬರೇ ಚಾ? ಅಣ್ಣಾರ, ನಾನೇನು ಸತ್ತೋಗೀನೇನು?"

ಯಜಮಾನರು ಪ್ಯಾಂಟಿನ ಬೆಲ್ಟನ್ನು ಒಂದು ತೂತು ಸಡಿಲ ಮಾಡಿಕೊಂಡು ಎಲೆಯ ಮುಂದೆ ಕೂತರು. ಧರ್ಮಯುದ್ಧಕ್ಕೆ ಹೊರಟವರ ಮುಖ ಇತ್ತು ಅವರದು. ಶೇಂಗಾ ಹೋಳಿಗೆ ಬಂತು, ತುಪ್ಪ ಬಂತು, ಮತ್ತೆ ಹೋಳಿಗೆ ಬಂತು. ಅಣ್ಣತಮ್ಮಂದಿರ ಪ್ರೀತಿ ಉಕ್ಕಿ ಹರಿಯಿತು. ಊಟ ಮುಗಿಯುವಷ್ಟರಲ್ಲಿ ಇಬ್ಬರೂ ಗೋಡೆಗೊರಗಿ ಕಣ್ಣು ಮುಚ್ಚುವ ಸ್ಥಿತಿಗೆ ಬಂದಿದ್ದರು. ಸಂಜೆಗೆ ನಾವು ವಿಮಾನ ನಿಲ್ದಾಣಕ್ಕೆ ವಾಪಸ್ ಹೋಗಬೇಕಿತ್ತು.

ನಾನು ಸಿಟ್ಟನ್ನು ನುಂಗಲಾರದೆ ಅಡುಗೆಮನೆಗೆ ನುಗ್ಗಿದೆ. ಗವಿಸಿದ್ದೇಶನ ಹೆಂಡತಿ ನಾಗರತ್ನ ನಿಂತುಕೊಂಡೇ ತಟ್ಟೆಯಲ್ಲಿ ಅನ್ನ ಕಲಸುತ್ತಿದ್ದಳು. ಕೂಡ್ಲಿಗಿ ಕಡೆಯ ಹುಡುಗಿ, ಮದುವೆಯಾಗಿ ನೇರ ಇಲ್ಲಿಗೇ ಬಂದವಳು. ಈಗ ಅವಳ ಮಕ್ಕಳೇ ಕಾಲೇಜಿಗೆ ಹೋಗುತ್ತಿದ್ದಾರೆ.

"ನಾಗರತ್ನಾ, ಇಲ್ಲಿಂದ ಸಮುದ್ರ ಎಷ್ಟು ದೂರ ಐತಿ?"

"ಸನೇದಾಗ ಐತಂತ್ರಿ ಅಕ್ಕಾ. ಆಟೋದಾಗ ಹೋದ್ರ ಹತ್ತು ನಿಮಿಷಂತ."

"ಅಂತ ಅಂದ್ರ? ನೀನು ನೋಡಿಲ್ಲೇನು?"

ಅವಳು ನಕ್ಕಳು. "ಒಂದ್ಸಲ ಗಣಪತಿ ಬಿಡಾಕ ಹೋಗಿದ್ವಿರಿ. ಆ ಗದ್ಲದಾಗ ಮಂದಿ ಬೆನ್ನು ಕಂಡ್ವು, ನೀರು ಕಾಣ್ಲಿಲ್ಲ. ಆಮ್ಯಾಗ ಆಗೇ ಇಲ್ರಿ. ಹೋದ ವಾರ ಕೂಡ್ಲಿಗಿಯವರು ಬಂದಿದ್ರು, ದವಾಖಾನಿಗೆ ತೋರ್ಸಾಕ. ಅದ್ರ ಹಿಂದ ಹರಪನಹಳ್ಳಿಯವರು, ದುಬೈಗೆ ಹೋಗೋರು. ಎಲ್ಲಾರೂ ಸಮುದ್ರ ನೋಡಿ ಬರ್ತಾರ್ರಿ. ಬರೋದ್ರಾಗ ನಾನು ಅಡಿಗಿ ಮಾಡಿಟ್ಟಿರ್ತೀನಿ."

ಅದನ್ನು ಅವಳು ದೂರು ಎಂಬಂತೆ ಹೇಳಲಿಲ್ಲ. ನಲ್ಲಿಯಲ್ಲಿ ಇಂಥ ಹೊತ್ತಿಗೆ ನೀರು ಬರುತ್ತದೆ ಎನ್ನುವಂತೆ ಹೇಳಿದಳು. ಬೆಳಗಿನಿಂದ ನಾನು ನೆಂಟರನ್ನು ಮನಸ್ಸಿನಲ್ಲೇ ಬೈದುಕೊಂಡು ತಿರುಗುತ್ತಿದ್ದೆ. ಇವಳ ಪಾಲಿಗೆ ಆ ನೆಂಟಳು ನಾನೇ ಎಂಬುದು ಆಗ ಹೊಳೆಯಿತು. ನನ್ನ ಹೊಟ್ಟೆಯಲ್ಲಿದ್ದ ಹೋಳಿಗೆ ಅವಳ ಬೆಳಗಿನ ಜಾವದ ನಿದ್ದೆ. ನಾಚಿಕೆಯಾಯಿತು.

ಕಟ್ಟೆಯ ಮೇಲೆ ನನ್ನ ಉಡಿಗೆಂದು ತೆಗೆದಿಟ್ಟ ಎಲೆ, ಅಡಿಕೆ, ಅಕ್ಕಿ, ಕಾಯಿ ಇದ್ದವು. ನಾನು ಕಾಯಿಯನ್ನು ಎತ್ತಿ ಅಕ್ಕಿಯ ಡಬ್ಬಿಯೊಳಗೆ ಹೂತು ಮುಚ್ಚಳ ಹಾಕಿದೆ.

"ಅಯ್ಯ, ಏನ್ ಮಾಡಾಕ್ಹತ್ತೀರಿ ಅಕ್ಕಾ?"

"ಕಾಯಿ ಇಲ್ಲ. ಕಾಯಿ ಇಲ್ದ ನನ್ನ ಹೆಂಗ ಕಳಿಸ್ತಿ? ನಡಿ, ತರೂಣ."

"ಬೀಗರು ಕೊಟ್ಟ ಕಾಯಿ ನಿಮ್ಮ ಚೀಲದಾಗ ಐತಲ್ರಿ?"

"ಬೀಗರ ಕಾಯಿ ನೀನು ನನ್ನ ಉಡಿಗೆ ಹಾಕ್ತಿಯೇನು? ನಿನ್ನ ಮನಿ ಮರ್ಯಾದಿ ಏನಾಕೈತಿ?"

ಅವಳು ಒಂದು ಕ್ಷಣ ನನ್ನ ಮುಖ ನೋಡಿದಳು. ಆಮೇಲೆ ಬಾಯಿಗೆ ಸೆರಗು ಹಿಡಿದು ನಗತೊಡಗಿದಳು. ತಟ್ಟೆಯಲ್ಲಿದ್ದ ಅನ್ನವನ್ನು ಹಾಗೇ ಮುಚ್ಚಿಟ್ಟಳು.

"ಕಾಯಿ ತರಾಕ ಹೋಕ್ಕೀವ್ರಿ" ಎಂದು ಪಡಸಾಲೆಯಲ್ಲಿ ಹೇಳಿದೆವು. ಶಾಸ್ತ್ರದ ಮಾತು, ಯಾವ ಗಂಡಸೂ ಬೇಡವೆನ್ನುವಂತಿಲ್ಲ. ನಾನು ತರುತ್ತೇನೆ ಎಂದು ಏಳುವ ಶಕ್ತಿಯೂ ಆ ಇಬ್ಬರಲ್ಲಿ ಇರಲಿಲ್ಲ. "ಲಗೂನ ಬರ್ರಿ" ಎಂದು ಗವಿಸಿದ್ದೇಶ್ ಕಣ್ಣು ಮುಚ್ಚಿಕೊಂಡೇ ಹೇಳಿದ.

ಆಟೋ ಇಳಿದಾಗ ಮೊದಲು ಬಂದದ್ದು ಮೀನಿನ ವಾಸನೆಯೇ. ಗುರುಬಸವರಾಜರು ಸುಳ್ಳು ಹೇಳಿರಲಿಲ್ಲ. ಪ್ಲಾಸ್ಟಿಕ್ ಚೀಲ, ಒಡೆದ ಥರ್ಮಾಕೋಲ್, ಒಂದು ಹರಿದ ಚಪ್ಪಲಿ ದಾಟಿಕೊಂಡು ಹೋದೆವು. ಆಮೇಲೆ ನೀರು. ಬೋರ್ಡಿನ ಮೇಲೆ ನಾನು ಬರೆಯುತ್ತಿದ್ದ ನೀಲಿ ಅದಕ್ಕಿರಲಿಲ್ಲ, ಮಣ್ಣಿನ ಬಣ್ಣವಿತ್ತು. ಆದರೆ ಆಚೆ ದಡ ಇರಲಿಲ್ಲ. ಹಿನ್ನೀರಿಗೆ ಎಲ್ಲೋ ಒಂದು ಗುಡ್ಡ ಅಡ್ಡ ಬರುತ್ತದೆ, ಇದಕ್ಕೆ ಏನೂ ಅಡ್ಡ ಬರಲಿಲ್ಲ. ಇಷ್ಟು ವರ್ಷ ಮಕ್ಕಳಿಗೆ ಹೇಳಿದ್ದೆಲ್ಲ ನಿಜವೇ ಆಗಿತ್ತು.

ನಾಗರತ್ನ ಚಪ್ಪಲಿ ಕೈಯಲ್ಲಿ ಹಿಡಿದು, ಸೀರೆ ಎತ್ತಿಕೊಂಡು ನೀರಿಗಿಳಿದಿದ್ದಳು. ಅಲೆ ಬಂದಾಗ ಕಿರುಚಿದಳು. ಹಿಂದಕ್ಕೆ ಹೋದಾಗ ಬೆನ್ನಟ್ಟಿದಳು. ನಾನು ಸಮುದ್ರವನ್ನು ಸ್ವಲ್ಪ ನೋಡಿದೆ, ಅವಳನ್ನು ಹೆಚ್ಚು ನೋಡಿದೆ.

ಅವಳ ಫೋನ್ ರಿಂಗಾಯಿತು. ಸ್ಪೀಕರ್ ಹಾಕಿದಳು.

"ಎಲ್ಲದೀರಿ? ಅಣ್ಣಾರಿಗೆ ಚಾ ಬೇಕಂತ" ಗವಿಸಿದ್ದೇಶನ ದನಿ.

"ಕಾಯಿ ಚಲೋವು ಸಿಗವಲ್ವು ರೀ, ಬ್ಯಾರೆ ಅಂಗಡ್ಯಾಗ ನೋಡಾಕ್ಹತ್ತೀವಿ."

"ಏನದು ಸಪ್ಳ?"

ನಾಗರತ್ನ ಮೊಣಕಾಲಿಗೆ ಬಡಿಯುತ್ತಿದ್ದ ಅಲೆಯನ್ನು ನೋಡಿದಳು. "ಲಾರಿ ಹೊಂಟೈತ್ರಿ" ಎಂದಳು. "ಹಾಲು ಫ್ರಿಜ್‌ನಾಗ ಐತಿ, ಚಾಪುಡಿ ಮ್ಯಾಲಿನ ಡಬ್ಬ್ಯಾಗ. ಮಾಡ್ಕೊಳ್ರಿ." ಫೋನ್ ಇಟ್ಟು, ತಾನು ಏನು ಹೇಳಿದೆ ಎಂದು ತಾನೇ ಬೆರಗಾದವಳಂತೆ ನನ್ನ ಕಡೆ ತಿರುಗಿದಳು. ಆಮೇಲೆ ಮತ್ತೆ ನೀರಿನ ಕಡೆ ಹೋದಳು. ಹೊತ್ತಾಯಿತು ಎಂದು ನಾನು ಹೇಳಲಿಲ್ಲ. ವಿಮಾನ ತಪ್ಪಿದರೆ ತಪ್ಪಲಿ, ಕಾಶಿ ಎಲ್ಲಿಗೂ ಓಡಿಹೋಗುವುದಿಲ್ಲ ಎಂದುಕೊಂಡೆ.

ವಿಮಾನ ತಪ್ಪಲಿಲ್ಲ. ಓಡಿ ಹತ್ತಿದೆವು. ವಿಶ್ವನಾಥನ ದರ್ಶನವೂ ಆಯಿತು.

ಊರಿಗೆ ಬಂದ ಮೇಲೆ ಕೊಟ್ಟೂರಿನಲ್ಲಿ ಯಾರೂ ಕಾಶಿಯ ಬಗ್ಗೆ ಹೆಚ್ಚು ಕೇಳಲಿಲ್ಲ. ಮುಂಬೈಯಲ್ಲಿ ಯಾರ ಮನೆಯಲ್ಲಿ ಉಂಡಿರಿ, ಏನು ಮಾಡಿದ್ದರು, ಎಷ್ಟು ಹೋಳಿಗೆ ತಿಂದಿರಿ ಎಂದು ಕೇಳಿದರು. ಯಜಮಾನರು ಕೈಯಗಲಿಸಿ ವರ್ಣಿಸಿದರು. ಅದು ಓಣಿಯಲ್ಲೆಲ್ಲ ಹಬ್ಬಿತು. ಒಂದು ದಿನ ಎದುರುಮನೆಯ ನಾಗಲಿಂಗಮ್ಮ ಹೊಸ ಸೀರೆ ಉಟ್ಟು ಬಂದು ಪಡಸಾಲೆಯಲ್ಲಿ ಕೂತಳು.

"ಟೀಚರಮ್ಮಾರ, ನಮ್ಮ ತಮ್ಮನ ಮನೆಯವರು, ನಾವು ಎಲ್ಲಾ ಕೂಡಿ ಒಂಬತ್ತು ಮಂದಿ ಕಾಶಿಗೆ ಹೊಂಟೀವ್ರಿ. ನಮಗೂ ಮುಂಬೈನಾಗ ಲೇಓವರ್ ಐತಿ. ನಿಮ್ಮ ನಾಗರತ್ನನ ನಂಬರ್ ಕೊಡ್ರಿ. ನಮ್ಮೂರ ಕಡೇರು, ಬ್ಯಾಡ ಅಂತಾಳೇನು?"

ಬೇಡ ಅನ್ನುವುದಿಲ್ಲ. ಅದೇ ನನ್ನ ಸಂಕಟ. ಯಜಮಾನರು ಆಗಲೇ ಜೇಬಿನಿಂದ ಫೋನ್ ತೆಗೆದಿದ್ದರು.

"ಆಕಿ ಮುಂಬೈ ಬಿಟ್ಟಾಳ್ರಿ" ಎಂದೆ.

"ಅಯ್ಯ, ಯಾವಾಗ?"

"ನಾವು ಬಂದ ಮ್ಯಾಲೆ. ಆತನಿಗೆ ಬ್ಯಾರೆ ಊರಿಗೆ ವರ್ಗಾ ಆತಂತ. ಯಾವೂರಂತ ಹೇಳಿಲ್ರಿ."

ಯಜಮಾನರು ಬಾಯಿ ತೆರೆದರು. ನಾನು ಅವರನ್ನೇ ದಿಟ್ಟಿಸಿದೆ. ಶಾಲೆಯಲ್ಲಿ ಹಿಂದಿನ ಬೆಂಚಿನವರನ್ನು ಹಾಗೆ ದಿಟ್ಟಿಸುತ್ತಿದ್ದೆ. ಅವರು ಫೋನನ್ನು ಮೆಲ್ಲಗೆ ಜೇಬಿಗಿಳಿಸಿ, "ಹೌದ್ರಿ, ನಾನೂ ಹಂಗ ಕೇಳೀನಿ" ಎಂದರು.

ನಾಗಲಿಂಗಮ್ಮನಿಗೆ ನಿಜವಾಗಿಯೂ ದುಃಖವಾಯಿತು. ಸೆರಗಿನ ಅಂಚಿನಿಂದ ಮೂಗು ಒರೆಸಿಕೊಂಡಳು.

"ಪಾಪ, ಎಂಥಾ ಹೆಣ್ಮಗಳ್ರಿ" ಎಂದಳು. "ಹೋಳಿಗಿ ಭಾಳ ಮೆತ್ತಗ ಮಾಡ್ತಿದ್ಲಂತ."