ಗೊಂಬೆಗಳು ಊಟಕ್ಕೆ ಕೂತದ್ದು

ಭಾನುವಾರ ಸಂಜೆ, ಮಾಲಿನ ನಾಲ್ಕನೇ ಮಹಡಿಯ ಫುಡ್ ಕೋರ್ಟಿನಲ್ಲಿ, ಕೈಯಲ್ಲಿ ಟ್ರೇ ಹಿಡಿದ ಒಬ್ಬ ಮುದುಕರು ಮೂಲೆಯ ಟೇಬಲ್ಲಿನ ಹೆಂಗಸನ್ನು "ಈ ಕುರ್ಚಿ ಖಾಲಿನಾಮ್ಮ?" ಎಂದು ಮೂರು ಸಲ ಕೇಳಿದರು. ಹೆಂಗಸು ಉತ್ತರ ಕೊಡಲಿಲ್ಲ. "ಎಷ್ಟು ಸೊಕ್ಕು ನೋಡು" ಎಂದು ಗೊಣಗಿ ಪಕ್ಕದ ಗಂಡಸನ್ನು ಕೇಳಿದರು. ಅವನೂ ಬಾಯಿ ಬಿಡಲಿಲ್ಲ. ಮುದುಕರಿಗೆ ರೇಗಿತು. ಅವನ ಭುಜ ಹಿಡಿದು ಅಲುಗಿಸಿದರು. ಅವನ ಕೈ ಬುಡಸಮೇತ ಕಳಚಿಕೊಂಡು ಅವರ ಟ್ರೇಯ ಮೇಲೆ ಬಿತ್ತು.

ಆಗ ಎದ್ದ ಕೂಗು ನೆಲಮಾಳಿಗೆಯ ತನಕ ಕೇಳಿಸಿತೆಂದು ಜನ ಹೇಳುತ್ತಾರೆ. ಸುಳ್ಳು. ನೆಲಮಾಳಿಗೆಗೆ ಏನೂ ಕೇಳಿಸುವುದಿಲ್ಲ. ಅಲ್ಲಿ ಬರೀ ಕಾಣಿಸುತ್ತದೆ. ಅಲ್ಲೊಂದು ಕಿಟಕಿಯಿಲ್ಲದ ಕೋಣೆ, ಗೋಡೆಯ ತುಂಬ ಅರವತ್ನಾಲ್ಕು ಕ್ಯಾಮರಾಗಳ ಪರದೆಗಳು, ಅವುಗಳ ಎದುರು ಒಂದು ಕುರ್ಚಿ. ಆ ಕುರ್ಚಿಯಲ್ಲಿ ಎಂಟು ವರ್ಷಗಳಿಂದ ಕೂತವಳನ್ನು ಮಾಲಿನ ಸೆಕ್ಯುರಿಟಿಯವರೆಲ್ಲ ಪರದೆಯಮ್ಮ ಎನ್ನುತ್ತಿದ್ದರು. ಯಾವ ಅಂಗಡಿಯ ಹುಡುಗಿ ಯಾವಾಗ ಕದ್ದು ಆಕಳಿಸುತ್ತಾಳೆ ಎನ್ನುವುದೂ ಅವಳಿಗೆ ಗೊತ್ತು. ಹರೆಯದ ಮಕ್ಕಳು ಇಳಿಯುವ ಎಸ್ಕಲೇಟರಿನಲ್ಲಿ ಹತ್ತುವುದು, ಸೆಂಟಿನ ಅಂಗಡಿಯಲ್ಲಿ ಬಾಟಲಿ ಬಾಟಲಿ ಮೈಮೇಲೆ ಸುರಿದುಕೊಂಡು ಓಡುವುದು ಕಂಡಾಗಲೆಲ್ಲ ಅವಳ ಬಾಯಲ್ಲಿ ಬರುತ್ತಿದ್ದದ್ದು ಒಂದೇ ಮಾತು: "ಇವರ ಅಪ್ಪ ಅಮ್ಮ ಎಲ್ಲಿ ಕತ್ತೆ ಕಾಯ್ತಿದ್ದಾರೆ?"

ಆ ಸಂಜೆ ಅವಳಿಗೆ ಕಂಡದ್ದು ಇಷ್ಟೇ. ಫುಡ್ ಕೋರ್ಟಿನ ಪರದೆಯಲ್ಲಿ ಜನ ಒಂದೇ ದಿಕ್ಕಿಗೆ ಓಡಿದರು, ಪ್ಲಾಸ್ಟಿಕ್ ಮರವೊಂದರ ಹಿಂದೆ ಮಾಯವಾದರು. ಆಮೇಲೆ ವಾಕಿಟಾಕಿ ಗರಗರ ಎಂದಿತು.

ಮರದ ಹಿಂದಿನ ಮೂಲೆಯಲ್ಲಿ ಹನ್ನೊಂದು ಗೊಂಬೆಗಳು ಊಟಕ್ಕೆ ಕೂತಿದ್ದವು. ಮೂರನೇ ಮಹಡಿಯಲ್ಲಿ ಮುಚ್ಚಿಹೋದ ಬಟ್ಟೆ ಅಂಗಡಿಯೊಂದಿತ್ತು. ಅದಕ್ಕೆ ಅಡ್ಡ ಹೊಡೆದ ಪ್ಲೈವುಡ್ಡಿನ ಹಿಂದೆ ಧೂಳು ತಿನ್ನುತ್ತ ನಿಂತಿದ್ದ ಆಳೆತ್ತರದ ಗೊಂಬೆಗಳವು. ಈಗ ನಾಲ್ಕು ಟೇಬಲ್ಲುಗಳ ಸುತ್ತ, ಎದುರಿಗೆ ಟ್ರೇ ಇಟ್ಟುಕೊಂಡು, ಒಂದು ಕಾಲ ಮೇಲೆ ಕಾಲು ಹಾಕಿ, ಇನ್ನೊಂದು ಗೆಳತಿಯ ಕಿವಿಯಲ್ಲಿ ಏನೋ ಚಾಡಿ ಹೇಳುವ ಹಾಗೆ ಬಾಗಿ. ಮಕ್ಕಳ ಗೊಂಬೆಯೊಂದರ ತುಟಿಯ ಹತ್ತಿರ ಸ್ಟ್ರಾ ಕೂಡ ಇತ್ತು.

ಸೋಮವಾರ ಬೆಳಿಗ್ಗೆ ಗೊಂಬೆಗಳನ್ನು ಪ್ಲೈವುಡ್ಡಿನ ಹಿಂದಕ್ಕೆ ವಾಪಸು ಸಾಗಿಸಿ, ಮ್ಯಾನೇಜರ್ ನೆಲಮಾಳಿಗೆಗೆ ಇಳಿದುಬಂದ. ಹಿಂದೆಯೇ ಮೂರನೇ ಮಹಡಿಯ ಸೆಕ್ಯುರಿಟಿ, ಎಲ್ಲರ ಬಾಯಲ್ಲಿ ಮೀಸೆಯಣ್ಣ, ಟೋಪಿ ಕೈಯಲ್ಲಿ ಹಿಡಿದು ನಿಂತ.

"ಅಲ್ಲಮ್ಮ, ಅರವತ್ನಾಲ್ಕು ಕಣ್ಣು ಇಟ್ಕೊಂಡು ಕೂತಿದ್ದೀರಿ. ಹನ್ನೊಂದು ಗೊಂಬೆ ಏನು ರೆಕ್ಕೆ ಕಟ್ಕೊಂಡು ಹಾರಿದ್ವಾ?"

"ರಾತ್ರಿಯೆಲ್ಲ ಹಿಂದೆ ಮುಂದೆ ಓಡಿಸಿ ನೋಡಿದೆ ಸಾರ್. ಯಾವುದರಲ್ಲೂ ಇಲ್ಲ."

"ಇಲ್ಲ ಅಂದ್ರೆ ಅರ್ಥ ಒಂದೇ. ಇವನು ನಿದ್ದೆ ಹೊಡೆದಿದ್ದಾನೆ, ಇಲ್ಲ ಸೇರ್ಕೊಂಡಿದ್ದಾನೆ. ನಾಳೆ ಸಂಜೆ ಐದಕ್ಕೆ ಯೂನಿಫಾರ್ಮ್ ಒಪ್ಪಿಸಿ ಹೋಗ್ಲಿ."

ಮ್ಯಾನೇಜರ್ ಹೋದ ಮೇಲೆ ಮೀಸೆಯಣ್ಣ ಅಲ್ಲಿಯೇ ನಿಂತಿದ್ದ. ಹದಿನಾಲ್ಕು ವರ್ಷ ಅದೇ ಮಹಡಿಯಲ್ಲಿ ನಿಂತ ಕಾಲುಗಳು. "ನಾನು ಕಣ್ಣು ಮುಚ್ಚಿಲ್ಲ ತಂಗಿ" ಎಂದ. "ನೀರು ಕುಡಿಯೋಕೆ ಹೋಗಿದ್ದೆ, ಅಷ್ಟೇ. ಈ ವಯಸ್ಸಲ್ಲಿ ಇನ್ನೊಂದು ಕಡೆ ನನ್ನ ಯಾರು ತಗೋತಾರೆ ಹೇಳು."

ಅವನು ಹೋದ ಮೇಲೆ ಅವಳು ಒಂದು ಹಾಳೆ ತೆಗೆದುಕೊಂಡಳು. ಪರದೆಗಳಲ್ಲಿ ಕಾಣುವುದನ್ನು ಬಿಟ್ಟು ಕಾಣದ್ದನ್ನು ಗುರುತು ಹಾಕಲು ಶುರುಮಾಡಿದಳು. ಇಪ್ಪತ್ತೆರಡನೇ ಕ್ಯಾಮರಾ ಚಪ್ಪಲಿ ಅಂಗಡಿಯ ಕಡೆಗೆ ಕತ್ತು ತಿರುಗಿಸಿ ವಾಪಸು ಬರಲು ನಲವತ್ತು ಸೆಕೆಂಡು. ಅಷ್ಟು ಹೊತ್ತು ಪ್ಲೈವುಡ್ಡಿನ ಸಂದಿಯನ್ನು ನೋಡುವ ಕಣ್ಣಿಲ್ಲ. ಮೂವತ್ತೊಂದನೆಯದರ ಅರ್ಧ ಕಣ್ಣಿಗೆ ಐಸ್‌ಕ್ರೀಮ್ ಅಂಗಡಿಯ ಕಾಗದದ ಕೋನು ನೇತುಬಿದ್ದಿದೆ. ಕೆಲಸಗಾರರ ಮೆಟ್ಟಿಲಿನ ಬಲ್ಬು ಕೆಟ್ಟು ಮೂರು ತಿಂಗಳು. ಫುಡ್ ಕೋರ್ಟಿನ ಮೂಲೆಗೆ ಆ ಪ್ಲಾಸ್ಟಿಕ್ ಮರ ಅಡ್ಡ. ಮೆಟ್ಟಿಲಿನ ಬಾಗಿಲಿನಿಂದ ಮರದವರೆಗೆ, ಲಿಫ್ಟಿನ ಎದುರು, ಹತ್ತು ಹೆಜ್ಜೆ ಜಾಗವನ್ನು ಮಾತ್ರ ನಲವತ್ತೇಳನೇ ಕ್ಯಾಮರಾ ರೆಪ್ಪೆ ಬಡಿಯದೆ ನೋಡುತ್ತಿತ್ತು. ಅಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿದಳು. ಉಳಿದಂತೆ ಪೆನ್ಸಿಲ್ ಒಂದು ಬಿಂದುವಿನಿಂದ ಇನ್ನೊಂದಕ್ಕೆ ತಾನೇ ನಡೆದುಹೋಯಿತು. ಹಾಳೆಯ ಮೇಲೆ ಒಂದು ದಾರಿ ಮೂಡಿತು.

ಈ ದಾರಿಯ ಒಂದೊಂದು ತುಂಡನ್ನೂ ಅವಳು ದೂರು ಪುಸ್ತಕದಲ್ಲಿ ಬರೆದು ಸಾಕಾಗಿದ್ದಳು, ಯಾರೂ ತೆರೆದು ನೋಡಿರಲಿಲ್ಲ. ಬಾಯಿ ಬಿಟ್ಟು ಹೇಳಿದ್ದು ಒಂದೇ ಕಡೆ. ಮನೆಯಲ್ಲಿ, ಊಟದ ಹೊತ್ತಿನಲ್ಲಿ. ಗಂಡ ಲಾರಿ ಹತ್ತಿದರೆ ನಾಲ್ಕು ದಿನ ಪತ್ತೆಯಿಲ್ಲ. ಎದುರಿಗಿರುತ್ತಿದ್ದವಳು ಹದಿನೈದರ ಮಗಳು. ಅವಳೋ ಕಿವಿಗೆ ಇಯರ್‌ಫೋನ್ ತುರುಕಿಕೊಂಡು, ಮೊಬೈಲಿನಲ್ಲಿ ಮುಖ ಹುದುಗಿಸಿ, "ಹ್ಞೂಂ" ಎನ್ನುವ ಒಂದೇ ಅಕ್ಷರದಲ್ಲಿ ಸಂಸಾರ ಮಾಡುತ್ತಿದ್ದವಳು. ಗೋಡೆಗೆ ಹೇಳಿದ ಹಾಗೆ ತಾಯಿ ಎರಡು ವರ್ಷ ಹೇಳಿದ್ದಳು.

ಅಂದು ಊಟಕ್ಕೆ ಕೂತಾಗಲೂ ಮಗಳ ಕಿವಿಯಿಂದ ವೈರು ಇಳಿದಿತ್ತು. ತಾಯಿ ತಟ್ಟೆ ನೋಡುತ್ತಲೇ, ಉಪ್ಪು ಕೇಳುವಷ್ಟು ಸಹಜವಾಗಿ ಕೇಳಿದಳು. "ಹನ್ನೊಂದು ಗೊಂಬೆ ಹೊತ್ಕೊಂಡು ಹೋಗೋಕೆ ಎಷ್ಟು ಹೊತ್ತು ಹಿಡಿಯುತ್ತೆ?"

"ಹನ್ನೆರಡಿತ್ತು. ಒಂದಕ್ಕೆ ಕಾಲಿರಲಿಲ್ಲ, ಬಿಟ್ಬಂದ್ವಿ" ಎಂದ ಮಗಳ ಕೈ ತುತ್ತಿನ ಸಮೇತ ಅರ್ಧದಲ್ಲೇ ನಿಂತಿತು.

ಆಗ ತಾಯಿಗೆ ಇನ್ನೊಂದು ಕಂಡಿತು. ವೈರಿನ ಇನ್ನೊಂದು ತುದಿ ಮೊಬೈಲಿಗೆ ಸಿಕ್ಕಿಸಿಯೇ ಇರಲಿಲ್ಲ. ಮಗಳ ತೊಡೆಯ ಮೇಲೆ ಸುಮ್ಮನೆ ಬಿದ್ದಿತ್ತು.

"ಇದೇನೇ ಇದು?"

"ಹಾಕ್ಕೊಂಡಿಲ್ಲ ಅಂದ್ರೆ ನೀನು ಮಾರ್ಕ್ಸ್ ವಿಷಯ ತೆಗೀತೀಯ" ಎಂದಳು ಮಗಳು. "ಹಾಕ್ಕೊಂಡ್ರೆ ನಿನ್ನ ಪಾಡಿಗೆ ಕ್ಯಾಮರಾ ವಿಷಯ ಹೇಳ್ತೀಯ. ಅದು ಚೆನ್ನಾಗಿರುತ್ತೆ."

ಬೇರೆ ಯಾವ ತಾಯಿಯಾದರೂ ಈ ಹೊತ್ತಿಗೆ ಕೆನ್ನೆಗೆ ಒಂದು ಬಿಗಿದಿರುತ್ತಿದ್ದಳು. ಇವಳು ಮಾತ್ರ, ಎರಡು ವರ್ಷದ ಅಷ್ಟೂ ರಾತ್ರಿಗಳ ಮಾತು ಎದುರು ಕೂತವಳ ಒಳಗೆ ಒಂದಕ್ಷರ ಚೆಲ್ಲದೆ ಇದೆ ಎನ್ನುವುದನ್ನು ನೆನೆದು, ಬಾವಿಗೆ ಇಣುಕಿದವಳ ಹಾಗೆ ಮಗಳನ್ನು ನೋಡುತ್ತಿದ್ದಳು.

"ಯಾರ್ಯಾರಿದ್ರಿ?"

"ಅದು ಹೇಳಲ್ಲ. ಐದು ಜನ. ನಾನೇ ಕ್ಯಾಪ್ಟನ್."

"ಕ್ಯಾಪ್ಟನ್ ಅಂತೆ! ನಾಳೆ ಸಂಜೆ ಮೀಸೆಯಣ್ಣನ್ನ ಕೆಲಸದಿಂದ ತೆಗೀತಾರೆ. ಗೊತ್ತಾ ಕ್ಯಾಪ್ಟನ್‌ಗೆ?"

ಅದು ಗೊತ್ತಿರಲಿಲ್ಲ. ಮಗಳ ಮುಖದಿಂದ ಹದಿನೈದು ಜಾರಿ ಏಳೆಂಟು ವರ್ಷದ ಮುಖ ಇಣುಕಿತು. "ಮೀಸೆ ಮಾಮನಾ? ಅವ್ರೇನು ಮಾಡಿದ್ರು? ಯಾರೂ ಸಿಕ್ಕಿಬೀಳಬಾರ್ದು ಅಂತಾನೇ ಅಲ್ವಾ ನಾವು ಅಷ್ಟೆಲ್ಲ..."

"ಯಾರೂ ಸಿಕ್ಕಿಬೀಳದೇ ಇದ್ರೆ, ಹತ್ತಿರ ನಿಂತವನೇ ಸಿಕ್ಕಿಬೀಳೋದು ಮಗಳೇ."

ಮಂಗಳವಾರ ಶಾಲೆ ಬಿಟ್ಟ ಮೇಲೆ, ನಾಲ್ಕು ಗಂಟೆಗೆ, ತಾಯಿ ಮಗಳು ಮ್ಯಾನೇಜರನ ಎದುರು ನಿಂತರು. ಮಗಳು ಎಲ್ಲ ಹೇಳಿದಳು, ಗೆಳೆಯರ ಹೆಸರನ್ನೂ ದಾರಿ ಹೇಳಿಕೊಟ್ಟವರನ್ನೂ ಬಿಟ್ಟು. ಮ್ಯಾನೇಜರ್ ಮೊದಲು ಕೇಳಿಸಿಕೊಂಡ, ಆಮೇಲೆ ನಕ್ಕ.

"ಮೀಸೆಯನ್ನ ಉಳಿಸೋಕೆ ಹೆತ್ತ ಮಗಳನ್ನೇ ತಂದು ನಿಲ್ಲಿಸಿದ್ದೀರಿ. ದೊಡ್ಡ ಮನಸ್ಸಮ್ಮ ನಿಮ್ದು. ಆದ್ರೆ ಸುಳ್ಳು ಹೇಳಿದ್ರೂ ನಂಬೋ ಹಾಗಿರ್ಬೇಕು. ಈ ಗುಬ್ಬಚ್ಚಿ, ಆಳೆತ್ತರದ ಗೊಂಬೆ ಹೊತ್ಕೊಂಡು, ಒಂದು ಕ್ಯಾಮರಾಗೂ ಕಾಣಿಸದೆ..."

"ಇನ್ನೊಂದ್ಸಲ ಮಾಡಿ ತೋರಿಸ್ಲಾ ಸಾರ್?" ಎಂದಳು ಮಗಳು.

ಮ್ಯಾನೇಜರನಿಗೆ ಮಜಾ ಅನ್ನಿಸಿತು. "ತೋರಿಸು. ಆದ್ರೆ ಒಂದೇ ಒಂದು ಪರದೇಲಿ ನಿನ್ನ ಜಡೆ ತುದಿ ಕಂಡ್ರೂ ನಿಮ್ಮ ಮೀಸೆ ಮಾಮ ಐದು ಗಂಟೆಗೆ ಮನೆಗೆ."

ಮೀಸೆಯಣ್ಣನನ್ನು ವಾಕಿಟಾಕಿ ಕೊಟ್ಟು ಫುಡ್ ಕೋರ್ಟಿನ ಮೂಲೆಗೆ ಕಳಿಸಿದರು. ಮ್ಯಾನೇಜರ್ ಪರದೆಯಮ್ಮನ ಪಕ್ಕಕ್ಕೆ ಸ್ಟೂಲು ಎಳೆದುಕೊಂಡು ಕೂತ. ಮಗಳು ಮೂರನೇ ಮಹಡಿಯ ಪ್ಲೈವುಡ್ಡಿನ ಎದುರು ಕ್ಯಾಮರಾಗೆ ಒಂದು ಸಲಾಮು ಹೊಡೆದಳು. ಕ್ಯಾಮರಾ ಕತ್ತು ತಿರುಗಿಸಿತು. ಮತ್ತೆ ಈ ಕಡೆ ಬಂದಾಗ ಅಲ್ಲಿ ಯಾರೂ ಇರಲಿಲ್ಲ.

ಪರದೆಯಮ್ಮ ಎಂಟು ವರ್ಷ ಜನರನ್ನು ನೋಡಿದ್ದಳು. ಒಬ್ಬಳು ಇಲ್ಲದಿರುವುದನ್ನು ಹೀಗೆ ಎಂದೂ ನೋಡಿರಲಿಲ್ಲ. ಅರವತ್ನಾಲ್ಕು ಪರದೆಗಳಲ್ಲಿ ಮಂಗಳವಾರದ ಮಾಲು ತನ್ನ ಪಾಡಿಗೆ ನಡೆಯುತ್ತಿತ್ತು. ಯಾರೋ ಗಡಿಯಾರದ ಗಾಜಿಗೆ ಮೂಗು ಒತ್ತಿದ್ದರು, ಒಂದು ಮಗು ನೆಲದಲ್ಲಿ ಬಿದ್ದು ಹೊರಳಾಡುತ್ತಿತ್ತು, ನೆಲ ಒರೆಸುವವಳು ಬಕೆಟ್ಟು ತಳ್ಳುತ್ತಿದ್ದಳು. ಇವೆಲ್ಲದರ ನಡುವೆ, ಈ ಚೌಕಗಳ ಅಂಚಿನ ಆಚೆ, ಅವಳ ಮಗಳು ತನಗಿಂತ ಎತ್ತರದ ಗೊಂಬೆಯನ್ನು ತಬ್ಬಿ ನಡೆಯುತ್ತಿದ್ದಳು. ಎದುರಾದವರು ನೋಡಿಯೇ ಇರುತ್ತಾರೆ. ಆದರೆ ಸಾಮಾನು ಹೊತ್ತು ನಡೆಯುವವರನ್ನು ಯಾರೂ ತಡೆದು ಕೇಳುವುದಿಲ್ಲ. ಈಗ ಕೋನಿನ ಹಿಂದೆ ಇರಬೇಕು. ಈಗ ಮೆಟ್ಟಿಲು, ಕತ್ತಲೆ. ಎಡವದಿರಲಿ. ಈಗ ಬಾಗಿಲು. ಇನ್ನು ಲಿಫ್ಟಿನ ಎದುರಿನ ಹತ್ತು ಹೆಜ್ಜೆ.

ನಲವತ್ತೇಳನೇ ಪರದೆಯ ಮೇಲೆ ಅವಳ ಕಣ್ಣು ನೆಟ್ಟಿತು. ಖಾಲಿ ನೆಲ. ಲಿಫ್ಟಿನ ಮುಚ್ಚಿದ ಬಾಗಿಲು. ಲಿಫ್ಟು ಬಂತು, ಉಕ್ಕಿನ ಬಾಗಿಲು ತೆರೆಯಿತು, ಎದುರಿನ ಕಿಟಕಿಯ ಇಳಿಬಿಸಿಲು ಅದಕ್ಕೆ ಬಡಿದು ಕ್ಯಾಮರಾದ ಮುಖಕ್ಕೆ ರಾಚಿತು. ಪರದೆ ಹಾಲು ಚೆಲ್ಲಿದಂತೆ ಬೆಳ್ಳಗಾಯಿತು. ಐದು ಸೆಕೆಂಡು. ಮತ್ತೆ ಖಾಲಿ ನೆಲ.

ಸಂಜೆ ಹೊತ್ತು ಆ ಪರದೆ ಹಾಗೆ ಬೆಳ್ಳಗಾಗುವುದನ್ನು ಅವಳು ಸಾವಿರ ಸಲ ನೋಡಿದ್ದಳು. ನೋಡಿ ಕಣ್ಣುಜ್ಜಿಕೊಂಡಿದ್ದಳು. ಅದರ ಬಗ್ಗೆ ಮನೆಯಲ್ಲಿ ಒಂದು ದಿನವೂ ಮಾತೆತ್ತಿರಲಿಲ್ಲ, ಯಾಕೆಂದರೆ ಅದೂ ಒಂದು ದಾರಿ ಎಂದು ಅವಳಿಗೇ ಹೊಳೆದಿರಲಿಲ್ಲ. ಹೇಳಿಕೊಟ್ಟ ದಾರಿ ಮುಗಿದ ಕಡೆ ಮಗಳು ತಾನೇ ಒಂದನ್ನು ಕಂಡುಕೊಂಡಿದ್ದಳು.

ವಾಕಿಟಾಕಿ ಗರಗುಟ್ಟಿತು. "ಸಾರ್..." ಮೀಸೆಯಣ್ಣನ ದನಿ ಗುಡಿಯೊಳಗೆ ಮಾತಾಡುವವನ ಹಾಗೆ ತಗ್ಗಿತ್ತು. "ಬಂತು ಸಾರ್. ಕುರ್ಚಿ ಮೇಲೆ ಕೂತಿದೆ. ಕಾಲು ಮೇಲೆ ಕಾಲು ಹಾಕ್ಕೊಂಡಿದೆ ಸಾರ್."

ಮ್ಯಾನೇಜರ್ ಪರದೆಗಳನ್ನು ಮೇಲಿನಿಂದ ಕೆಳಗೆ, ಕೆಳಗಿನಿಂದ ಮೇಲೆ ನೋಡಿದ. ತುಸು ಹೊತ್ತಿಗೆ ಪ್ಲಾಸ್ಟಿಕ್ ಮರದ ಹಿಂದಿನಿಂದ ಹುಡುಗಿ ಈಚೆ ಬಂದು, ಕ್ಯಾಮರಾದ ಕೆಳಗೆ ನಿಂತು, ಬೆವರು ಒರೆಸಿಕೊಂಡಳು.

"ಮೀಸೆ ಇರ್ಲಿ" ಎಂದ ಮ್ಯಾನೇಜರ್. ಆಮೇಲೆ, ಕನಸಿನಿಂದ ಎದ್ದವನ ಹಾಗೆ, "ಇವಳಿಗೆ ಇದೆಲ್ಲ ಹೇಳಿಕೊಟ್ಟವರು ಯಾರು?"

ಸುಮ್ಮನಿದ್ದರೆ ಆಗುತ್ತಿತ್ತು. ಈ ಕಾಲದ ಮಕ್ಕಳು ಸಾರ್, ಎಲ್ಲಿಂದ ಕಲೀತಾರೋ ಎಂದರೆ ಅವನು ತಲೆದೂಗಿ ಒಪ್ಪುತ್ತಿದ್ದ. ಮಗಳು ತಾಯಿಯ ಹೆಸರು ಹೇಳಿರಲಿಲ್ಲ, ಸತ್ತರೂ ಹೇಳುವವಳಲ್ಲ.

"ನಾನು" ಎಂದಳು ಪರದೆಯಮ್ಮ. "ದಿನಾ ಊಟ ಮಾಡ್ತಾ. ಕೇಳ್ತಿದ್ದಾಳೆ ಅಂತ ಗೊತ್ತಿರಲಿಲ್ಲ."

"ಅಲ್ಲಮ್ಮಾ, ಮಾಲಿನ ಗುಟ್ಟನ್ನ ಮಕ್ಕಳ ಮುಂದೆ..."

"ನಿಮ್ಮ ದೂರು ಪುಸ್ತಕದಲ್ಲೂ ಬರೆದಿದ್ದೀನಿ ಸಾರ್. ಅವಳೊಬ್ಬಳೇ ಕೇಳಿಸ್ಕೊಂಡಿದ್ದು."

ಮ್ಯಾನೇಜರ್ ಎದ್ದು, ಮೇಜಿನ ಮೇಲಿದ್ದ ಪುಸ್ತಕ ತಿರುವಿದ. ಮುಖ ಕೆಂಪಾಯಿತು. ಹುಡುಗಿ ಆರು ತಿಂಗಳು ಮಾಲಿಗೆ ಕಾಲಿಡಕೂಡದು, ಆ ಮುದುಕರ ಮನೆಗೆ ಹೋಗಿ ತಪ್ಪಾಯಿತು ಎನ್ನಬೇಕು. ತಾಯಿ ನಾಳೆಯಿಂದ ಈ ಕುರ್ಚಿಯಲ್ಲಿ ಕೂರುವ ಹಾಗಿಲ್ಲ; ಹೊರಬಾಗಿಲಲ್ಲಿ ನಿಂತು ಬ್ಯಾಗು ನೋಡುವ ಕೆಲಸ. ಪುಸ್ತಕವನ್ನು ಕಂಕುಳಲ್ಲಿ ಇರುಕಿಕೊಂಡೇ ಇಷ್ಟನ್ನೂ ಹೇಳಿದ.

ಅವಳು ಕೆಲಸಗಾರರ ಮೆಟ್ಟಿಲು ಹತ್ತಿ ಮೇಲೆ ಹೋದಳು. ಮೂಲೆಯಲ್ಲಿ ಮೀಸೆಯಣ್ಣ ಗೊಂಬೆಯ ಎದುರು ಕೂತು ಹುಡುಗಿಯನ್ನು ಗೋಗರೆಯುತ್ತಿದ್ದ. "ಆ ಲಿಫ್ಟಿನ ಹತ್ರದ್ದು ಇನ್ನೊಂದ್ಸಲ ಹೇಳೇ ಪುಟ್ಟಿ. ನಮ್ಮನೇಲಿ ನಾನು ಬಾಯಿ ತೆಗೆದ್ರೆ ಟಿವಿ ಸೌಂಡ್ ಜಾಸ್ತಿ ಮಾಡ್ತಾರೆ, ನಿಮ್ಮಮ್ಮ ಪುಣ್ಯವಂತೆ ಕಣೇ."

"ಅಮ್ಮ, ಏನಂದ್ರು?"

"ಮೀಸೆಯಣ್ಣನ ಕೆಲಸ ಉಳೀತು. ನನ್ನ ಕುರ್ಚಿ ಹೋಯ್ತು."

ಮಗಳು ಗೊಂಬೆಯ ಹಿಂದೆ ಮುಖ ಮರೆಸಿದಳು. "ನನ್ನಿಂದಾನಾ?"

"ನನ್ನಿಂದಾನೇ. ಅಳಬೇಡ, ಗೊಂಬೆ ನಗುತ್ತೆ. ಇದನ್ನ ಮೊದಲು ವಾಪಸ್ ಇಡೋಣ ನಡಿ."

ಮಗಳು ತಲೆಯ ಕಡೆ ಹಿಡಿದಳು, ತಾಯಿ ಕಾಲಿನ ಕಡೆ. ಮೆಟ್ಟಿಲಿನ ಬಾಗಿಲಿಗೆ ತಿರುಗಲು ಹೊರಟ ಮಗಳನ್ನು ತಾಯಿ ತಡೆದಳು. ನಟ್ಟನಡುವಿನ ಎಸ್ಕಲೇಟರಿನ ಕಡೆ ನಡೆದರು. ಎಂಟು ವರ್ಷ ಅವಳು ಈ ಮಾಲನ್ನು ಅಂಗೈಯಗಲದ ಚೌಕಗಳಲ್ಲಿ ಕಂಡವಳು, ನೆಲಮಾಳಿಗೆಯ ಬಾಗಿಲಿನಿಂದ ಬಂದು ಅಲ್ಲಿಂದಲೇ ಹೋಗುತ್ತಿದ್ದವಳು. ಈಗ ನಾಲ್ಕು ಮಹಡಿಗಳ ಸದ್ದು ಒಟ್ಟಿಗೆ ಮೇಲೆ ಏರಿಬಂತು. ಚಮಚಗಳ ಕಿಣಿಕಿಣಿ, ಯಾರದೋ ಅಳು, ಯಾರದೋ ನಗು, ನೂರಾರು ಕಾಲುಗಳು. ತಲೆಯ ಮೇಲೆ ಗಾಜಿನ ಚಾವಣಿ, ಅದರಾಚೆ ಇಡೀ ಆಕಾಶ ಕೆಂಪಾಗುತ್ತಿತ್ತು. ಇಷ್ಟು ದೊಡ್ಡದಿದೆಯೇ ಇದು! ಜನ ಬದಿಗೆ ಸರಿದು ದಾರಿ ಬಿಟ್ಟರು, ಕೆಲವರು ಮೊಬೈಲ್ ಎತ್ತಿದರು.

"ಅಮ್ಮ, ಮೇಲೆ ನೋಡ್ಬೇಡ, ಮೆಟ್ಟಿಲು ನೋಡು" ಎಂದಳು ಮಗಳು. "ಮೊದಲು ಎಡಗಾಲು. ನಾನು ಹೇಳಿದಾಗ."

ತಾಯಿ ಗೊಂಬೆಯ ಕಾಲುಗಳನ್ನು ಎದೆಗೆ ಒತ್ತಿ ಹಿಡಿದು, ಮಗಳು ಹೇಳುವುದನ್ನೇ ಕಾಯುತ್ತ ನಿಂತಳು.